ಗಂಟು ಕಲಿಸಿದ ಸಿದ್ರಾಮಪ್ಪ

ನಾಗಮಣಿಯ ಎಡಗೈ ಮುರಿದದ್ದು ೧೯೭೭ರ ಡಿಸೆಂಬರಿನಲ್ಲಿ, ಯಲಹಂಕದಿಂದಾಚೆಗಿನ ಒಂದು ಬಂಡೆಯ ಮೇಲೆ. ಆಗ ಅವಳಿಗೆ ಇಪ್ಪತ್ತಾರು ವರ್ಷ. ಆರ್.ಟಿ. ನಗರದಲ್ಲಿ ತಾಯಿ ಸತ್ಯವತಿಯ ಜೊತೆ ಇದ್ದುಕೊಂಡು ಹೆಬ್ಬಾಳದ ಒಂದು ಕಚೇರಿಯಲ್ಲಿ ಟೈಪಿಸ್ಟ್ ಆಗಿದ್ದಳು. ಅದಕ್ಕೆ ಒಂದು ತಿಂಗಳ ಹಿಂದೆ ಕಚೇರಿಯವರ ಜೊತೆ ಪಿಕ್ನಿಕ್ಕಿಗೆ ಹೋದಾಗ, ಒಬ್ಬ ಹುಡುಗಿ ಗೋಡೆಯಂಥ ಬಂಡೆಯ ಮೇಲೆ ಹಲ್ಲಿಯ ಹಾಗೆ ನಿಧಾನವಾಗಿ ಹತ್ತುತ್ತಿದ್ದುದನ್ನು ನೋಡಿ, ತಿನ್ನುತ್ತಿದ್ದ ಚಿತ್ರಾನ್ನ ಮರೆತು ನಿಂತುಬಿಟ್ಟಿದ್ದಳು. ಅವತ್ತಿನಿಂದ ಅವಳ ತಲೆಯಲ್ಲಿ ಬೇರೇನೂ ಇರಲಿಲ್ಲ.

ಅವಳನ್ನು ಬಂಡೆಗೆ ಕರೆದೊಯ್ದವನು ಉಪೇಂದ್ರ. ಬ್ಯಾಂಕಿನಲ್ಲಿ ಕೆಲಸ, ನಗುಮುಖ, ಸದಾ ಸಿಳ್ಳೆ. ನಾಲ್ಕೈದು ಗೆಳೆಯರನ್ನು ಕಟ್ಟಿಕೊಂಡು ಭಾನುವಾರ ಬೆಟ್ಟಗುಡ್ಡ ತಿರುಗುತ್ತಿದ್ದ. ಅವನೇ ಅವಳ ಸೊಂಟಕ್ಕೆ ಹಗ್ಗ ಕಟ್ಟಿ, ಮೇಲೆ ಹೋಗಿ ಕೂತು, ಹತ್ತಿ ಅಂದ. ಅರ್ಧದಲ್ಲಿ ಅವಳ ಕಾಲು ಜಾರಿತು. ಹಗ್ಗ ಬಿಗಿಯಾಗುತ್ತದೆ ಎಂದು ಅವಳು ಕಾದಳು, ಆಗಲಿಲ್ಲ. ಹತ್ತು ಹನ್ನೆರಡು ಅಡಿ ಕೆಳಗಿನ ಮೆಟ್ಟಿಲಿನಂಥ ಕಲ್ಲಿನ ಮೇಲಿದ್ದ ಕಾರೆಮುಳ್ಳಿನ ಪೊದೆಯಲ್ಲಿ ಬಿದ್ದು ಮೇಲೆ ನೋಡಿದರೆ, ಬಿಚ್ಚಿಕೊಂಡ ಹಗ್ಗದ ತುದಿ ಗಾಳಿಗೆ ಸುಮ್ಮನೆ ಅಲ್ಲಾಡುತ್ತಿತ್ತು.

ಆರು ವಾರ ಕೈಗೆ ಪ್ಲಾಸ್ಟರ್. ಉಪೇಂದ್ರ ಕಿತ್ತಳೆಹಣ್ಣು ತಂದು ಮೂರು ಸಲ ನೋಡಲು ಬಂದ. ಹಗ್ಗದ ಮಾತನ್ನು ಮಾತ್ರ ಎತ್ತಲಿಲ್ಲ. ಸತ್ಯವತಿ ಅವನಿಗೆ ಕಾಫಿ ಕೊಟ್ಟರು, ಆದರೆ ಕೂತುಕೊಳ್ಳಿ ಅನ್ನಲಿಲ್ಲ. ಮಗಳ ಹುಚ್ಚು ಇಷ್ಟಕ್ಕೆ ಮುಗಿಯಿತು ಎಂದು ಒಳಗೊಳಗೇ ಸಮಾಧಾನಪಟ್ಟಿದ್ದರು.

ಮುಗಿದಿರಲಿಲ್ಲ. ಪ್ಲಾಸ್ಟರ್ ತೆಗೆದ ಮೇಲೆ ನಾಗಮಣಿ ಬಂಡೆ ಹತ್ತುವವರು ಸಿಕ್ಕಲ್ಲೆಲ್ಲ ಒಂದೇ ಪ್ರಶ್ನೆ ಕೇಳತೊಡಗಿದಳು: ನಿಮಗೆ ಯಾರು ಕಲಿಸಿದ್ದು? ಒಬ್ಬ ವ್ಯಾಯಾಮದ ಮೇಷ್ಟ್ರು, ಹತ್ತಿ ಹತ್ತಿ ತಾನೇ ಬರುತ್ತದೆ ಅಂದರು. ಇನ್ನೊಂದು ಗುಂಪಿನವರು, ನೀವು ಊಟದ ವ್ಯವಸ್ಥೆಗೆ ಬನ್ನಿ ಮೇಡಂ, ಹತ್ತೋದನ್ನ ಆಮೇಲೆ ನೋಡೋಣ ಅಂದರು. ಕೊನೆಗೆ ಅವಳು ಉಪೇಂದ್ರನನ್ನೇ ಬ್ಯಾಂಕಿನ ಹೊರಗೆ ನಿಲ್ಲಿಸಿ ಕೇಳಿದಳು. ಅವನ ಮುಖ ಕೆಂಪಾಯಿತು.

"ಯಾರೂ ಇಲ್ಲ ಕಣ್ರೀ," ಅಂದ. "ಪುಸ್ತಕದಲ್ಲಿ ಚಿತ್ರ ನೋಡಿ ಕಟ್ತಿದ್ದೆ. ನಿಮಗೆ ಹೇಳ್ಬೇಕಿತ್ತು."

ಆಮೇಲೆ, ಮಾಕಳಿದುರ್ಗದ ಗುಡ್ಡದಲ್ಲಿ ಒಂದು ಸಲ ಒಬ್ಬ ಮನುಷ್ಯ ತಮ್ಮ ಗುಂಪನ್ನು ನೋಡಿ ಬಾಯಿಗೆ ಬಂದಂತೆ ಬೈದದ್ದನ್ನು ಹೇಳಿದ. ಹೀಗೆ ಹತ್ತಿದರೆ ನಿಮ್ಮಲ್ಲಿ ಒಬ್ಬರು ಹೆಣವಾಗಿ ಇಳಿಯುತ್ತೀರಿ ಅಂದಿದ್ದನಂತೆ. ಹೆಸರು ಸಿದ್ರಾಮಪ್ಪ, ಯಶವಂತಪುರದಲ್ಲಿ ಮನೆ. "ನಾವು ಅವತ್ತು ನಕ್ಕುಬಿಟ್ವಿ. ನೀವು ಅವರ ಹತ್ರ ಹೋಗಿ," ಅಂದ. ಉಪೇಂದ್ರ ಅವಳಿಗೆ ಮಾಡಿದ ದೊಡ್ಡ ಉಪಕಾರ ಇದು.

ಗೊತ್ತಿಲ್ಲದ ಗಂಡಸಿನ ಮನೆಗೆ ಒಬ್ಬಳೇ ಹೋಗುವುದು ಸರಿಯಲ್ಲ ಎಂದು ಸತ್ಯವತಿಯೂ ಜೊತೆಗೆ ಹೊರಟರು. ಅಷ್ಟು ಬೈಯುವ ಮನುಷ್ಯ ಖಂಡಿತ ಆಗುವುದಿಲ್ಲ ಅನ್ನುತ್ತಾನೆ, ಒಳ್ಳೆಯದೇ ಆಯಿತು ಎಂಬ ಲೆಕ್ಕಾಚಾರವೂ ಅವರಿಗಿತ್ತು.

ರೈಲ್ವೆ ಹಳಿಯ ಪಕ್ಕದ ಸಣ್ಣ ಮನೆ. ಬಾಗಿಲು ತೆಗೆದದ್ದು ಹೆಂಡತಿ ಸಂಗವ್ವ. ಗುಳೇದಗುಡ್ಡದ ಕಡೆಯವರು, ಬೆಂಗಳೂರಿಗೆ ಬಂದು ಹನ್ನೆರಡು ವರ್ಷವಾಗಿದ್ದರೂ ಮಾತು ಊರಿನದೇ. ಸಿದ್ರಾಮಪ್ಪ ಸೈನ್ಯದಲ್ಲಿದ್ದಾಗ ಹಿಮಾಲಯದ ಕಡೆ ಪರ್ವತಾರೋಹಣ ಕಲಿತು, ಅಲ್ಲೇ ಹೊಸಬರಿಗೆ ಕಲಿಸಿಯೂ ಇದ್ದರು. ನಿವೃತ್ತರಾದ ಮೇಲೆ ಯಶವಂತಪುರದ ಕಾರ್ಖಾನೆಯೊಂದರಲ್ಲಿ ಭಾರಿ ಯಂತ್ರಗಳನ್ನು ಹಗ್ಗ ಸರಪಳಿ ಕಟ್ಟಿ ಎತ್ತಿ ಇಳಿಸುವ ತಂಡದ ಮೇಸ್ತ್ರಿಯಾಗಿದ್ದರು. ನಲವತ್ತೇಳರ ಗಿಡ್ಡ ಮೈಕಟ್ಟಿನ ಮನುಷ್ಯ. ಹುಬ್ಬು ಮಾತ್ರ ದಪ್ಪ.

ಅವರು ಆಗುತ್ತದೆ ಅಂತಲೂ ಅನ್ನಲಿಲ್ಲ, ಆಗುವುದಿಲ್ಲ ಅಂತಲೂ ಅನ್ನಲಿಲ್ಲ. ಬಿದ್ದದ್ದನ್ನು ಮೊದಲಿನಿಂದ ಹೇಳಲು ಹೇಳಿದರು. ಹಗ್ಗ ಎಷ್ಟು ದಪ್ಪ, ಮೇಲಿದ್ದವನು ತನ್ನನ್ನು ಯಾವುದಕ್ಕೆ ಕಟ್ಟಿಕೊಂಡಿದ್ದ, ಅವನು ಕೂತಿದ್ದನೋ ನಿಂತಿದ್ದನೋ, ಎಲ್ಲ ಕೇಳಿದರು. ನಾಗಮಣಿಗೆ ಹೆಚ್ಚಿನದಕ್ಕೆ ಉತ್ತರ ಗೊತ್ತಿರಲಿಲ್ಲ. ಕೊನೆಗೆ ಸೊಂಟಕ್ಕೆ ಹಾಕಿದ್ದು ಯಾವ ಗಂಟು ಅಂದರು. ಅದೂ ಗೊತ್ತಿರಲಿಲ್ಲ.

"ನಿನ್ನ ಜೀವ ಯಾವ ಗಂಟಿಗೆ ಜೋತು ಬಿದ್ದಿತ್ತು ಅಂತ ನಿನಗ ಗೊತ್ತಿಲ್ಲ," ಅಂದರು ಸಿದ್ರಾಮಪ್ಪ. ಬೈಗುಳದ ದನಿ ಅದಾಗಿರಲಿಲ್ಲ. "ಆ ಹುಡುಗನ್ನ ಬೈಯಾಕ ನಮಗ ಭಾಳ ಸರಳ. ಆದ್ರ ಕೇಳಲಾರದ ಕಟ್ಟಿಸಿಕೊಂಡಾಕಿ ನೀನು. ಮೊದಲು ಅದನ್ನ ಕಲಿ. ಮುಂದಿನ ಭಾನುವಾರ ಬಾ, ತಂಗಿ."

ಸತ್ಯವತಿಯ ಲೆಕ್ಕಾಚಾರ ಕೆಟ್ಟಿತು. ಆದರೆ ಮನೆಗೆ ಬರುವ ಬಸ್ಸಿನಲ್ಲಿ ಅವರೇ, ಅಷ್ಟು ಪ್ರಶ್ನೆಯನ್ನ ಆ ಮೂಳೆ ಡಾಕ್ಟರೂ ಕೇಳಿರಲಿಲ್ಲ ಅಲ್ವಾ, ಅಂದರು.

ಎಂಟು ಭಾನುವಾರ ನಾಗಮಣಿ ಬಂಡೆಯ ಮುಖ ನೋಡಲಿಲ್ಲ. ಕಿಟಕಿಯ ಸರಳಿಗೆ, ಬಾಗಿಲ ಚಿಲಕಕ್ಕೆ, ತನ್ನ ಸೊಂಟಕ್ಕೆ ಗಂಟು ಹಾಕಿದಳು, ಬಿಚ್ಚಿದಳು. ಕಣ್ಣು ಮುಚ್ಚಿಕೊಂಡು ಹಾಕಿದಳು, ಬಕೆಟ್ ನೀರಿನಲ್ಲಿ ಕೈ ಅದ್ದಿಕೊಂಡು ಹಾಕಿದಳು. ಎಡಗೈ ಇನ್ನೂ ಪೂರ್ತಿ ಮಣಿಯುತ್ತಿರಲಿಲ್ಲ. ಅದಕ್ಕೂ ಇದು ಒಳ್ಳೆಯ ವ್ಯಾಯಾಮವಾಯಿತು. ಸಿದ್ರಾಮಪ್ಪನವರನ್ನು ಅವಳು ಸಾರ್ ಅನ್ನುತ್ತಿದ್ದಳು. ಮೂರನೆಯ ವಾರ ಸಂಗವ್ವ, ಮನ್ಯಾಗ ಕುಂತು ರೊಟ್ಟಿ ತಿನ್ನಾಕಿ ಎಂಥಾ ಸಾರ್ ಅಂತಿ, ಕಾಕಾ ಅನ್ನು ಅಂದರು. ಅಂದಿನಿಂದ ಚಿಕ್ಕಪ್ಪ ಚಿಕ್ಕಮ್ಮನ ಹಾಗೆ ಅವರು ಕಾಕಾ, ಸಂಗವ್ವ ಕಾಕು.

ಗಂಟಾದ ಮೇಲೆ ಮರಳಿನ ಚೀಲ. ಮನೆಯ ಹಿಂದಿನ ಬಯಲಿನಲ್ಲಿ ಒಂದು ಹುಣಸೆಮರ ಇತ್ತು. ಅದರ ಕೊಂಬೆಗೆ ರಾಟೆ ಹಾಕಿ, ಐವತ್ತು ಕಿಲೋ ಮರಳು ತುಂಬಿದ ಚೀಲವನ್ನು ಮೇಲೆಳೆದು, ಸಿದ್ರಾಮಪ್ಪ ಹೇಳದೆ ಕೇಳದೆ ಬಿಟ್ಟುಬಿಡುತ್ತಿದ್ದರು. ನಾಗಮಣಿ ತನ್ನನ್ನು ಇನ್ನೊಂದು ಮರದ ಬುಡಕ್ಕೆ ಕಟ್ಟಿಕೊಂಡು, ಬೆನ್ನ ಸುತ್ತ ಹಾಯಿಸಿದ ಹಗ್ಗದಿಂದ ಆ ಚೀಲವನ್ನು ನೆಲ ಮುಟ್ಟದಂತೆ ತಡೆಯಬೇಕು. ಬಂಡೆ ಹತ್ತುವುದಕ್ಕೆ ಮೊದಲು ಇನ್ನೊಬ್ಬರು ಬಿದ್ದಾಗ ಹಿಡಿಯುವುದು ಬರಬೇಕು ಎಂಬುದು ಅವರ ಪಾಠದ ಕ್ರಮ. ಮೊದಲ ಸಲ ದಪ್ಪ ಚರ್ಮದ ಕೈಗವಸಿದ್ದರೂ ಅಂಗೈ ಬಿಸಿಯಾಗಿ, ಹಗ್ಗ ಹಾರಿಹೋಗಿ, ಚೀಲ ದೊಪ್ಪನೆ ನೆಲಕ್ಕೆ ಬಿತ್ತು.

"ಆ ಚೀಲ ನಾನು," ಅಂದರು ಸಿದ್ರಾಮಪ್ಪ. "ಈಗ ನಾ ಸತ್ತೆ. ಮತ್ತ ಹಿಡಿ."

ಆ ಮಧ್ಯಾಹ್ನ ಅವರು ಹನ್ನೊಂದು ಸಲ ಸತ್ತರು. ಹಿತ್ತಲ ಬಾಗಿಲಿನಿಂದ ಸಂಗವ್ವ, ಸತ್ತದ್ದು ಸಾಕು, ಉಣ್ಣಾಕ ಬರ್ರಿ ಅಂತ ಕೂಗಿದಾಗ ನಾಗಮಣಿ ನಗು ತಡೆಯಲಾರದೆ ಮರಕ್ಕೆ ಒರಗಿದಳು. ಎರಡು ವಾರದ ಮೇಲೆ ಒಂದು ದಿನ ಚೀಲ ಗಾಳಿಯಲ್ಲೇ ನಿಂತಿತು. ಅದು ಅಲ್ಲಿ ಸಣ್ಣಗೆ ಸುತ್ತುತ್ತಿದ್ದುದನ್ನು, ಅದರ ಭಾರವೆಲ್ಲ ತನ್ನ ಸೊಂಟದ ಮೇಲಿದ್ದುದನ್ನು ಅವಳು ಬಹಳ ಹೊತ್ತು ಅನುಭವಿಸಿದಳು. ಕಾಕಾ ಒಂದು ಬೀಡಿ ಹಚ್ಚಿದರು.

ಬಟ್ಟೆಯ ಸಮಸ್ಯೆಯನ್ನು ಸಂಗವ್ವ ಬಗೆಹರಿಸಿದರು. ಸೀರೆಯುಟ್ಟು ಬಂಡೆ ಹತ್ತುವಂತಿಲ್ಲ. ಪ್ಯಾಂಟು ಹಾಕಿಕೊಂಡು ಆರ್.ಟಿ. ನಗರದ ಬೀದಿಯಲ್ಲಿ ನಡೆಯುವ ಧೈರ್ಯ ನಾಗಮಣಿಗೆ ಇರಲಿಲ್ಲ. ಸಂಗವ್ವ ತಮ್ಮ ಹೊಲಿಗೆ ಮೆಷಿನ್ನಿನಲ್ಲಿ, ಗಂಡನ ಕಾರ್ಖಾನೆಯ ನೀಲಿ ಬಟ್ಟೆಯಿಂದ, ಮೊಣಕಾಲಿಗೆ ಎರಡು ಪದರ ಹಾಕಿ ಒಂದು ಸಡಿಲ ಪೈಜಾಮ ಹೊಲಿದುಕೊಟ್ಟರು. ಅದರ ಮೇಲೆ ಸೀರೆ ಸುತ್ತಿಕೊಂಡು ಬರುವುದು, ಬಂಡೆಯ ಮರೆಯಲ್ಲಿ ಸೀರೆ ಬಿಚ್ಚಿ ಮಡಚಿಡುವುದು. ಐದು ವರ್ಷ ಹಾಗೇ ನಡೆಯಿತು.

ಏಪ್ರಿಲ್‌ನಲ್ಲಿ ಅವರು ಬೆಳಗಿನ ಪ್ಯಾಸೆಂಜರ್ ಗಾಡಿಯಲ್ಲಿ ಮಾಕಳಿದುರ್ಗಕ್ಕೆ ಹೋದರು. ಮೊದಲ ದಿನ ಎರಡಾಳೆತ್ತರದ ಕಲ್ಲು. ಹತ್ತುವ ಮೊದಲು ನಾಗಮಣಿ ತನ್ನ ಗಂಟನ್ನು ಕಾಕಾನಿಗೆ ತೋರಿಸಬೇಕು, ಕಾಕಾ ತಮ್ಮದನ್ನು ಅವಳಿಗೆ ತೋರಿಸುತ್ತಾರೆ. ಇಬ್ಬರೂ ಬೆರಳಿಟ್ಟು ನೋಡಿ ಸರಿ ಅಂದ ಮೇಲೆಯೇ ಬಂಡೆ ಮುಟ್ಟುವುದು. ಆ ಕಲ್ಲನ್ನು ಅರ್ಧ ಹತ್ತಿದಾಗ ಅವಳು ಬಂಡೆಗೆ ಅಂಟಿಕೊಂಡು ನಿಂತುಬಿಟ್ಟಳು, ಮುಳ್ಳಿನ ಪೊದೆಯೂ ಅಲ್ಲಾಡುವ ಹಗ್ಗದ ತುದಿಯೂ ಕಣ್ಣಮುಂದೆ ಬಂದವು. ಮೇಲಿನಿಂದ ಕಾಕಾ, ಕೈ ಬಿಟ್ಟು ಹಗ್ಗದ ಮೇಲೆ ಕೂತುಬಿಡು ಅಂದರು. ಅವಳು ಒಲ್ಲೆ ಅಂದಳು. ಅವರು ಕಾದರು. ಗುಡ್ಡದ ಕೆಳಗೆ ಒಂದು ಗೂಡ್ಸ್ ಗಾಡಿ ಬಂದು ಹೋಗುವಷ್ಟು ಹೊತ್ತು ಕಾದರು. ಕೊನೆಗೆ ಅವಳು ಕೈ ಬಿಟ್ಟಳು. ಹಗ್ಗ ಹಿಡಿಯಿತು. ಅವಳು ಅಲ್ಲೇ ತೂಗುತ್ತಾ ಸದ್ದಿಲ್ಲದೆ ಅತ್ತಳು, ಆಮೇಲೆ ಮೂಗೊರೆಸಿಕೊಂಡು ಉಳಿದದ್ದನ್ನು ಹತ್ತಿದಳು.

ವರ್ಷಗಳು ಹೀಗೆ ಹೋದವು. ಕಾಕಾ ಎಷ್ಟೋ ಸಲ ಅರ್ಧದಿಂದ ವಾಪಸು ಕರೆದುಕೊಂಡು ಬಂದದ್ದುಂಟು. ಮೋಡ ಕಂಡರೆ ಇಳಿಯುವುದು. ಒಂದು ಸಲ ಹಗ್ಗದಲ್ಲಿ ಗೀರು ಕಂಡು, ಗುಡ್ಡದ ಮೇಲೆಯೇ ಚಾಕು ತೆಗೆದು ಅದನ್ನು ತುಂಡು ತುಂಡು ಮಾಡಿದರು. ಪೂರಾ ಬಿಟ್ಟರೆ ಯಾರಾದರೂ ಆಸೆಪಟ್ಟು ಬಳಸುತ್ತಾರೆ ಎಂದು. ಬೇರೆ ಕಲಿಯುವವರೂ ಬಂದರು, ಕೆಲವರು ಮರಳಿನ ಚೀಲಕ್ಕೆ ಬೇಸತ್ತು ಹೋದರು. ನಾಗಮಣಿ ಉಳಿದಳು.

೧೯೮೩ರ ನವೆಂಬರಿನಲ್ಲಿ ಇಬ್ಬರು ಹೊಸ ಹುಡುಗಿಯರನ್ನು ಕರೆದುಕೊಂಡು ಹೋಗಿದ್ದರು. ಎತ್ತರದ ಬಂಡೆ, ಕಾಕಾ ಮುಂದೆ ಹತ್ತಿ ಮೇಲಿಂದ ಹಗ್ಗ ಬಿಡಬೇಕು, ಕೆಳಗೆ ನಾಗಮಣಿ ಹಿಡಿಯಬೇಕು. ಕಾಕಾ ಸೊಂಟಕ್ಕೆ ಹಗ್ಗ ಸುತ್ತುತ್ತಿದ್ದಾಗ ಆಡು ಮೇಯಿಸುವ ಲಕ್ಕಮ್ಮ ಬಂದಳು. ಐದಾರು ವರ್ಷದ ಪರಿಚಯ. ಅವಳ ಮರಿಯೊಂದು ಮೇಲಿನ ಸಂದಿಯಲ್ಲಿ ಸಿಕ್ಕಿಕೊಂಡಿತ್ತು. "ಇಂಗೆ ಓದ್ರೆ ಸಿಗ್ತದೆ ಸ್ವಾಮಿ, ವಸಿ ನೋಡಿ," ಅಂದಳು. ಕಾಕಾ ತಿರುಗಿ, ಸಂದಿ ಎಲ್ಲಿ ಎಂದು ಕೇಳಿ, ಮೇಲೆ ಹೋಗುತ್ತಾ ನೋಡುತ್ತೇನೆ ಎಂದು ಹೇಳಿ, ಹಾಗೇ ಬಂಡೆಗೆ ಕೈ ಹಚ್ಚಿದರು.

"ಕಾಕಾ, ಗಂಟು ತೋರಿಸಿ," ಅಂದಳು ನಾಗಮಣಿ.

"ಹಾಕೇನಿ ಬಿಡವಾ."

ಆ ಹೊತ್ತಿಗೆ ಅವರು ಒಂದು ಹೆಜ್ಜೆ ಮೇಲಿದ್ದರು. ಹುಡುಗಿಯರು ನೋಡುತ್ತಿದ್ದರು. ಗುರುವಿನಂಥವರನ್ನು ಹೊಸಬರ ಎದುರಿಗೆ ಎರಡನೆಯ ಸಲ ತಡೆಯುವುದು ಅವಳಿಗೆ ಕಷ್ಟವಾಯಿತು. ಆದರೂ ಹಗ್ಗವನ್ನು ಕೈಗೆತ್ತಿಕೊಳ್ಳದೆ, "ಇಳೀರಿ ಕಾಕಾ. ನೋಡದೆ ನಾನು ಹಿಡಿಯಲ್ಲ," ಅಂದಳು.

ಅವರು ಇಳಿದು ಸೊಂಟ ನೋಡಿಕೊಂಡರು. ಹಗ್ಗದ ತುದಿ ಕುಣಿಕೆಯೊಳಗೆ ಹೋಗಿತ್ತು, ತಿರುಗಿ ಬಂದಿರಲಿಲ್ಲ. ಎಳೆದರೆ ನೂಲಿನಂತೆ ಬಿಚ್ಚಿಕೊಳ್ಳುವ ಅರ್ಧ ಗಂಟು.

ಸಿದ್ರಾಮಪ್ಪ ಹಗ್ಗವನ್ನು ಪೂರ್ತಿ ಬಿಚ್ಚಿದರು. ಒಂದು ಕಲ್ಲಿನ ಮೇಲೆ ಕೂತರು. ಅಲ್ಲಿಂದಲೇ ಹುಡುಗಿಯರನ್ನು ಹತ್ತಿರ ಕರೆದು ಆ ಅರ್ಧ ಗಂಟನ್ನು ಮತ್ತೆ ಹಾಕಿ ತೋರಿಸಿದರು.

"ಮೂವತ್ತು ವರ್ಷ ಹಾಕೇನಿ, ಇವತ್ತು ಮರತೆ," ಅಂದರು. "ಈಕಿ ಕೇಳಿದಾಗ ನಾ ಹಾಕೇನಿ ಅಂತ ಸುಳ್ಳು ಹೇಳಿದೆ. ಸುಳ್ಳು ಅಂತ ನನಗೂ ಗೊತ್ತಿರಲಿಲ್ಲ. ಯಾರರ ನನ್ನ ಗಂಟು ನೋಡಬ್ಯಾಡ ಅಂದ್ರ, ಅವರ ಹಿಂದ ಹೋಗಬ್ಯಾಡ್ರಿ. ಅಂದಾಂವ ನಾನಾದರೂ ಸರಿ."

ಆಮೇಲೆ ಅವತ್ತು ತಾವು ಹತ್ತುವುದಿಲ್ಲ, ನಾಗಮಣಿ ಮುಂದೆ ಹೋಗಲಿ ಅಂದರು. ಆ ಬಂಡೆಯನ್ನು ಅವಳು ಮುಂದಾಳಾಗಿ ಎಂದೂ ಹತ್ತಿರಲಿಲ್ಲ. ಗಂಟು ಹಾಕಿ ತೋರಿಸಿದಳು. ಕಾಕಾ ಬೆರಳಿಟ್ಟು ಎಂದಿಗಿಂತ ಹೆಚ್ಚು ಹೊತ್ತು ನೋಡಿದರು. ಅವಳು ನಿಧಾನವಾಗಿ ಹತ್ತಿದಳು. ನಡುವೆ ಸಂದಿಯಲ್ಲಿದ್ದ ಮರಿಯನ್ನು ಹಿಂದಿನಿಂದ ತಳ್ಳಿ ಹುಲ್ಲಿನ ಅಂಚಿಗೆ ಹತ್ತಿಸಿದಳು. ಅದು ಅವಳ ಮೊಣಕೈ ಒದ್ದು ಓಡಿತು. ಮೇಲೆ ತಲುಪಿದಾಗ ಮೈಯೆಲ್ಲ ಬೆವರು, ಆದರೆ ಎಲ್ಲಿಯೂ ಅಂಟಿಕೊಂಡು ನಿಂತಿರಲಿಲ್ಲ.

ಮರಳುವ ರೈಲಿನಲ್ಲಿ ಕಾಕಾ ಕಿಟಕಿಯ ಕಡೆ ಮುಖ ಮಾಡಿ ಕೂತರು. ಮನಸ್ಸು ನೋಯಿಸಿದೆನೇನೋ ಎಂದು ಅವಳಿಗೆ ದಾರಿಯುದ್ದಕ್ಕೂ ಸಂಕಟ. ಯಶವಂತಪುರದ ಮನೆಗೆ ಬಂದವರೇ ಅವರು ಚಪ್ಪಲಿ ಕೂಡ ಬಿಡದೆ ಅಡುಗೆಮನೆಯ ಬಾಗಿಲಲ್ಲಿ ನಿಂತು, ನಡೆದದ್ದನ್ನೆಲ್ಲ ಹೆಂಡತಿಗೆ ಒಂದನ್ನೂ ಮುಚ್ಚಿಡದೆ ಹೇಳಿದರು. ಸಂಗವ್ವ ತಟ್ಟುತ್ತಿದ್ದ ರೊಟ್ಟಿ ಬಿಟ್ಟು ಎದ್ದು ಬಂದರು. ಹಿಟ್ಟಿನ ಕೈಯಲ್ಲೇ ನಾಗಮಣಿಯ ಕೆನ್ನೆ ಹಿಡಿದು ನೋಡಿ, ಒಳಗೆ ಹೋಗಿ ಅವಳ ತಟ್ಟೆಗೆ ನಾಲ್ಕು ರೊಟ್ಟಿ ಹಾಕಿದರು. ಅವಳು ನಾಲ್ಕನ್ನೂ ತಿಂದಳು.

ಮುಂದೆ ಬಂದ ಹೊಸಬರಿಗೆಲ್ಲ ಸಿದ್ರಾಮಪ್ಪ ಮೊದಲ ದಿನವೇ ಆ ಕಥೆ ಹೇಳುತ್ತಿದ್ದರು. ಗಂಟು ಮರೆತ ಮೇಷ್ಟ್ರ ಹತ್ತಿರ ಏನು ಕಲಿಯುವುದು ಎಂದು ಇಬ್ಬರು ಬಿಟ್ಟು ಹೋದರಂತೆ. ಕಾಕಾನಿಗೆ ಅದರಿಂದ ಬೇಸರವಾಗಲಿಲ್ಲ.

ಎಂಬತ್ತಾರರ ಹೊತ್ತಿಗೆ ಮೊಣಕಾಲ ನೋವು ಕಾಕಾನಿಗೆ ಹತ್ತುವುದನ್ನು ಬಿಡಿಸಿತು. ಭಾನುವಾರದ ತಂಡ ನಾಗಮಣಿಯದಾಯಿತು: ಇಬ್ಬರು ನರ್ಸ್‌ಗಳು, ಒಬ್ಬ ಗುಮಾಸ್ತ, ಅಬ್ಬಿಗೆರೆಯಿಂದ ಸೈಕಲ್ಲಿನಲ್ಲಿ ಬರುವ ಒಬ್ಬ ಟೀಚರ್. ಕಾಕಾ ಛತ್ರಿ ಬಿಡಿಸಿಕೊಂಡು ಕೆಳಗೆ ಕೂತು ನೋಡುತ್ತಿದ್ದರು.

ಸತ್ಯವತಿ ಬಂಡೆಯ ಬಳಿಗೆ ಬಂದದ್ದು ಒಂದೇ ಸಲ, ಅದೂ ಸಂಗವ್ವ ಜುಲುಮೆ ಮಾಡಿದ್ದಕ್ಕೆ. ಮಗಳು ಹತ್ತುವಾಗ ನೋಡಲಾರೆ ಎಂದು ಬೆನ್ನು ಮಾಡಿ ಕೂತರು, ಎರಡು ನಿಮಿಷಕ್ಕೊಮ್ಮೆ ಎಲ್ಲಿಗೆ ಬಂದಳು ಎಂದು ಸಂಗವ್ವನನ್ನು ಕೇಳುತ್ತಿದ್ದರು. ಸಂಗವ್ವ ಕಣ್ಣಿಗೆ ಕೈ ಅಡ್ಡ ಹಿಡಿದು, ಈಗ ಬಲಗಾಲು ಇಟ್ಟಳು, ಈಗ ಎಡಗೈ ಚಾಚಿದಳು ಎಂದು ಒಂದೊಂದೇ ಹೇಳಿದರು. ಮೇಲೆ ಮುಟ್ಟಿದಳು ಅಂದ ಮೇಲೆ ಸತ್ಯವತಿ ತಿರುಗಿ ನೋಡಿದರು. ಅಷ್ಟು ಎತ್ತರದಲ್ಲಿ ನೀಲಿ ಪೈಜಾಮ ಹಾಕಿಕೊಂಡ ಮಗಳು ಕೈ ಬೀಸುತ್ತಿದ್ದಳು. ಅವರೂ ಸೆರಗು ಸರಿಮಾಡಿಕೊಂಡು ಎದ್ದು ನಿಂತು ಕೈ ಬೀಸಿದರು.