ಹೆಬ್ಬಾಳದ ಕ್ಲಾಸಿನಲ್ಲಿ ಒಂದು ಎಡಗೈ

ಹೆಬ್ಬಾಳದಲ್ಲಿ ನಾನು ಬಾಡಿಗೆಗಿದ್ದ ಕೋಣೆಗೆ ಒಂದೇ ಕಿಟಕಿ. ಅದರಿಂದ ನೋಡಿದರೆ ದ್ರಾಕ್ಷಿ ತೋಟದ ಕಲ್ಲುಕಂಬಗಳು, ಅದರಾಚೆ ಕೆರೆಯ ಒಂದು ಚೂರು. ಈಗ ಯಾವಾಗಲಾದರೂ ಟ್ಯಾಕ್ಸಿಯಲ್ಲಿ ಆ ಫ್ಲೈಓವರ್ ಹತ್ತಿದಾಗ ಡ್ರೈವರ್ ಹುಡುಗನಿಗೆ "ಇಲ್ಲಿ ಸಂಜೆ ಆದ್ರೆ ನರಿ ಕೂಗ್ತಿತ್ತು ಕಣಪ್ಪಾ" ಅನ್ನುತ್ತೇನೆ. ಅವನು ಕನ್ನಡಿಯಲ್ಲಿ ನನ್ನ ಮುಖ ನೋಡಿ, "ಹೌದಾ ಅಜ್ಜಿ" ಅಂದು ಹಾರ್ನ್ ಹೊಡೆಯುತ್ತಾನೆ. ನರಿಯ ಮಾತು ಅಲ್ಲಿಗೇ ಮುಗಿಯುತ್ತದೆ.

ಅರವತ್ತರ ದಶಕದ ನಡುವಿನ ವರ್ಷಗಳು. ಊರೊಳಗಿನ ಒಂದು ಆಸ್ಪತ್ರೆಯಲ್ಲಿ ನಾನು ಸೈಕಾಲಜಿಸ್ಟ್. ತಲೆಗೆ ಪೆಟ್ಟು ಬಿದ್ದವರು, ಲಕ್ವ ಹೊಡೆದವರು, ಇದ್ದಕ್ಕಿದ್ದಂತೆ ಮಾತು ಕಳೆದುಕೊಂಡವರು ಬರುತ್ತಿದ್ದರು. ಅವರಿಗೆ ನೆನಪು ಎಷ್ಟು ಉಳಿದಿದೆ, ಕಣ್ಣು ಕಂಡದ್ದನ್ನು ಮೆದುಳು ಹಿಡಿಯುತ್ತದೋ ಇಲ್ಲವೋ ಎಂದು ಚಿತ್ರ, ಮರದ ತುಂಡು, ಪುಟ್ಟ ಕತೆ ಇಟ್ಟುಕೊಂಡು ಪರೀಕ್ಷೆ ಮಾಡುವುದು ನನ್ನ ಕೆಲಸ. ಈಗ ಅದಕ್ಕೆ ನ್ಯೂರೋಸೈಕಾಲಜಿ ಎಂಬ ಉದ್ದನೆಯ ಹೆಸರಿದೆ. ಆಗ ನಮ್ಮನ್ನು "ಟೆಸ್ಟ್ ಮಾಡೋ ಮೇಡಂ" ಅಂತ ಕರೆಯುತ್ತಿದ್ದರು, ಅಷ್ಟೇ.

ಅಮ್ಮ ಬೊಂಬಾಯಿಯಲ್ಲಿ ಅಣ್ಣನ ಹತ್ತಿರ ಇದ್ದಳು. ಮದುವೆಯ ಮಾತು ಬಂದು, ನಿಂತು, ಆಮೇಲೆ ಬರುವುದನ್ನೇ ಬಿಟ್ಟಿತ್ತು. ಬೆಳಿಗ್ಗೆ ಬಸ್ಸು, ಸಂಜೆ ಬಸ್ಸು, ನಡುವೆ ರೋಗಿಗಳಿಗೆ ಕೇಳಿದ್ದನ್ನೇ ಕೇಳುವುದು. ಸ್ವಂತದ ಒಂದು ಮಾತು ಯಾರ ಹತ್ತಿರವೂ ಆಡದೆ ವಾರ ಕಳೆದುಬಿಡುತ್ತಿತ್ತು. ಆ ಕೋಣೆಯಲ್ಲಿ ನನಗಿದ್ದ ಒಂದೇ ಲಕ್ಷುರಿ ಎಂದರೆ ಎಡಗೈಯಲ್ಲಿ ಊಟ ಮಾಡುವುದು. ಹುಟ್ಟಾ ಎಡಚಿ ನಾನು. ಕಾನ್ವೆಂಟಿನಲ್ಲಿ ಸಿಸ್ಟರ್ ನನ್ನ ಎಡಗೈಯನ್ನು ರಿಬ್ಬನ್ನಿನಿಂದ ಕುರ್ಚಿಗೆ ಕಟ್ಟಿ ಬರೆಸಿದರು. ಮನೆಯಲ್ಲಿ ಅಜ್ಜಿ ಎಡಗೈ ಮುಂದೆ ಬಂದಾಗಲೆಲ್ಲ ಸೌಟಿನಿಂದ ಹೊಡೆದಳು. ಅಜ್ಜಿಗೆ ಕಾನ್ವೆಂಟು ಮೈಲಿಗೆ, ಸಿಸ್ಟರಿಗೆ ಅಜ್ಜಿಯ ದೇವರುಗಳು ಸುಳ್ಳು. ಜಗತ್ತಿನಲ್ಲಿ ಅವರಿಬ್ಬರೂ ಒಪ್ಪಿದ ವಿಷಯವೆಂದರೆ ನನ್ನ ಎಡಗೈ ಒಂದೇ. ನೋಡುವವರಿಲ್ಲದ ಕೋಣೆಯಲ್ಲಿ ಅದಕ್ಕೆ ಬಿಡುಗಡೆ ಸಿಕ್ಕಿತ್ತು.

ಇನ್ನೊಂದು ಇತ್ತು. ಶನಿವಾರದ ಕ್ಲಾಸು.

ನಮ್ಮಂತೆ ಆಗಲೇ ಕೆಲಸದಲ್ಲಿದ್ದವರು ಕಲಿತದ್ದು ಹಳಸಬಾರದು ಎಂದು ಇಂಗ್ಲೆಂಡಿನಿಂದ ಮರಳಿದ ಒಬ್ಬ ಹಿರಿಯ ಡಾಕ್ಟರು ಅದನ್ನು ಶುರುಮಾಡಿದ್ದರು. ಹೆಬ್ಬಾಳದ ದನದ ಡಾಕ್ಟರರ ಕಾಲೇಜಿನಲ್ಲಿ ಪರಿಚಯದವರನ್ನು ಕೇಳಿ ಒಂದು ಕೋಣೆ ಪಡೆದಿದ್ದರು. ಅಲ್ಲಿ ಗಾಜಿನ ಜಾಡಿಗಳಲ್ಲಿ ಕುರಿಯ ಮೆದುಳು, ಎತ್ತಿನ ಮೆದುಳು ಫಾರ್ಮಲಿನ್ನಿನಲ್ಲಿ ತೇಲುತ್ತಿದ್ದವು. ಮನುಷ್ಯರದ್ದು ಓದಬೇಕಾದ ನಾವು ಮೊದಲು ಅವುಗಳನ್ನು ಮುಟ್ಟಿ ನೋಡಿ, ಮೂಗು ಮುಚ್ಚಿಕೊಂಡು, ಆಮೇಲೆ ಬೆಂಚಿನ ಮೇಲೆ ಕೂರುತ್ತಿದ್ದೆವು. ನನ್ನ ಮನೆ ಒಡತಿ, ಆ ಊರಿನ ಹಳೇ ಒಕ್ಕಲು ಮನೆತನದ ಗಟ್ಟಿಗಿತ್ತಿ, ನಾನು ಇಸ್ತ್ರಿ ಮಾಡಿದ ಸೀರೆ ಉಟ್ಟು ಹೊರಟರೆ ಸಾಕು, ಜಗಲಿಯಿಂದಲೇ ಕೂಗುವಳು: "ಏನವ್ವಾ, ದನದ ಆಸ್ಪತ್ರೆಗೆ ಒಂಟ್ಯಾ? ಯಾವ ಅಸೂಗೆ ಉಸಾರಿಲ್ಲ ಇವತ್ತು?"

"ನನಗೇ" ಅನ್ನುತ್ತಿದ್ದೆ.

"ಅಂಗಾದ್ರೆ ಇಂಡಿ ತಿಂದ್ಕೊಂಡು ಬಾ, ಮೈ ಬರ್ಲಿ!"

ಕ್ಲಾಸಿನಲ್ಲಿ ಐದು ಜನ ಗಂಡಸರು, ನಾನೊಬ್ಬಳೇ ಹೆಂಗಸು. ಪ್ರತಿ ಶನಿವಾರ ಒಬ್ಬರು ತಮ್ಮ ರೋಗಿಯನ್ನು ಕರೆತರಬೇಕು, ಎಲ್ಲರೆದುರು ಟೆಸ್ಟ್ ನಡೆಯಬೇಕು, ಆಮೇಲೆ ಎಲ್ಲಿ ಪೆಟ್ಟಾಗಿದೆ ಎಂಬ ವಾದ. ವಾದ ನನಗೆ ಇಷ್ಟ. ಮುಗಿದ ಮೇಲಿನದು ಇಷ್ಟವಿರಲಿಲ್ಲ. ಅವರೆಲ್ಲ ಒಬ್ಬರ ಕಾರಿನಲ್ಲಿ ತುಂಬಿಕೊಂಡು ಊರಿಗೆ ಹೋಗಿ ಕಾಫಿ ಕುಡಿಯುತ್ತಾ ವಾದ ಮುಂದುವರಿಸುವರು. "ಮಿಸ್‌ಗೇನ್ರೀ, ಮನೆ ಇಲ್ಲೇ ಪಕ್ಕದಲ್ಲಿ. ಲಕ್ಕಿ!" ಎನ್ನುತ್ತಾ ಬಾಗಿಲು ಹಾಕಿಕೊಳ್ಳುವರು. ನಾನು ಧೂಳಿನಲ್ಲಿ ನಿಂತು ಕೈಬೀಸುತ್ತಿದ್ದೆ.

ಒಂದು ಡಿಸೆಂಬರಿನಲ್ಲಿ ನನ್ನ ಸರದಿ ಬಂತು. ನಾನು ಕರೆಸಿದ್ದು ಸೋಲದೇವನಹಳ್ಳಿ ಕಡೆಯ ರೈಲ್ವೆ ಗೇಟ್‌ಮನ್ ಒಬ್ಬನನ್ನು. ಹುಣಸೆ ಮರ ಬಡಿಯಲು ಹತ್ತಿ, ಬಿದ್ದು, ತಲೆಗೆ ಏಟಾಗಿ ತಿಂಗಳುಗಟ್ಟಲೆ ಮಲಗಿದ್ದವನು. ಈಗ ಎದ್ದು ಓಡಾಡುತ್ತಿದ್ದ. ಆದರೆ ತಲೆ ಸರಿಯಿದೆ ಎಂದು ನಮ್ಮಿಂದ ರಿಪೋರ್ಟ್ ಹೋಗದೆ ಅವನಿಗೆ ಗೇಟು ಇಲ್ಲ. ಗೇಟು ಇಲ್ಲದಿದ್ದರೆ ಅದರ ಪಕ್ಕದ ಒಂದು ಕೋಣೆಯ ಮನೆಯೂ ಇಲ್ಲ. ಹೆಂಡತಿ ಜೊತೆಗೆ ಬಂದು ಹೊರಗೆ ವೆರಾಂಡದಲ್ಲಿ ಕೂತಿದ್ದಳು, ಸೆರಗು ಬಾಯಿಗೆ ಒತ್ತಿಕೊಂಡು.

ಡಾಕ್ಟರು ತಾವೇ ಟೆಸ್ಟ್ ಮಾಡುತ್ತೇನೆಂದರು. ಅವರು ಇಂಗ್ಲಿಷಿನಲ್ಲಿ ಹೇಳುವುದು, ನಾನು ಕನ್ನಡದಲ್ಲಿ ಹೇಳುವುದು. ಮೇಜಿನ ಮೇಲೆ ಮರದ ತುಂಡುಗಳನ್ನು ಎಡದಿಂದ ಬಲಕ್ಕೆ ಸಾಲಾಗಿ ಇಟ್ಟರು. ಎಡಗೈಯಲ್ಲಿ ಒಂದೊಂದೇ ಎತ್ತಿ ಡಾಕ್ಟರ ಕೈಗೆ ಕೊಡಬೇಕು.

"ಎಡಗೈಲಿ ತಗೊಂಡು ಸಾಹೇಬರ ಕೈಗೆ ಕೊಡಪ್ಪಾ" ಎಂದೆ.

ಅವನು ಬಲಗೈಯಲ್ಲಿ, ಬಲಗಡೆಯ ತುಂಡನ್ನು ಎತ್ತಿ ಕೊಟ್ಟ. "ಎಡಗೈಲಿ" ಎಂದೆ. ತಲೆ ಆಡಿಸಿದ. ಇನ್ನೊಂದು ಕೊಟ್ಟ, ಅದೂ ಬಲಗೈಯಲ್ಲೇ. ಡಾಕ್ಟರು ಸ್ವಲ್ಪ ಗಟ್ಟಿಯಾಗಿ "ಲೆಫ್ಟ್!" ಎಂದು ಅವನ ಎಡಗೈ ಕಡೆ ಬೆರಳು ತೋರಿಸಿದರು. ಅವನು ಬೆವರಿದ. ಮತ್ತೊಂದು ಕೊಟ್ಟು, ಏನೋ ತಪ್ಪಾಗುತ್ತಿದೆ ಎಂದು ತಿಳಿದು, ಕೈ ಕಟ್ಟಿ ನಿಂತುಬಿಟ್ಟ. ಮೇಜಿನ ಬಲಭಾಗ ಖಾಲಿ, ಎಡಭಾಗದ ತುಂಡುಗಳು ಇದ್ದಹಾಗೇ.

ಗಂಡಸರೆಲ್ಲ ಒಬ್ಬರ ಮುಖ ಒಬ್ಬರು ನೋಡಿದರು. ಹಿಂದಿನ ವಾರವಷ್ಟೇ ಓದಿದ ಪಾಠ! ಮೆದುಳಿನ ಬಲಭಾಗಕ್ಕೆ ಪೆಟ್ಟಾದರೆ ಕೆಲವರಿಗೆ ಎಡಗಡೆಯ ಲೋಕವೇ ಇಲ್ಲದ ಹಾಗೆ ಆಗುತ್ತದೆ. ಕಣ್ಣು ಸರಿಯಿದ್ದರೂ ಎಡಕ್ಕೆ ನಿಂತವರನ್ನು ಗಮನಿಸುವುದಿಲ್ಲ. ತಟ್ಟೆಯ ಎಡಗಡೆಯ ಅನ್ನ ಹಾಗೇ ಉಳಿಯುತ್ತದೆ. ಇಂಥವನು ಗೇಟಿನಲ್ಲಿ ನಿಂತರೆ ಎಡಗಡೆಯಿಂದ ಬರುವ ರೈಲಿನ ಗತಿ?

"ಕ್ಲಾಸಿಕ್ ಕೇಸ್" ಎಂದರು ಒಬ್ಬರು. ಎಲ್ಲರ ಪೆನ್ನುಗಳೂ ಓಡತೊಡಗಿದವು.

ನಾನು ಮಾತ್ರ ಅವನ ಮೊಣಕೈ ನೋಡುತ್ತಿದ್ದೆ. ಪ್ರತಿ ಸಲ ಬಲಗೈ ಚಾಚಿದಾಗಲೂ ಅವನ ಎಡಗೈ ಮೇಲೆದ್ದು ಬಂದು ಬಲ ಮೊಣಕೈಯನ್ನು ಮೆಲ್ಲಗೆ ಮುಟ್ಟಿತ್ತು. ದೊಡ್ಡವರಿಗೆ ಎಲೆ ಅಡಿಕೆ ಕೊಡುವಾಗ ಮುಟ್ಟುತ್ತೇವಲ್ಲ, ಹಾಗೆ. ಎಡಗೈಯನ್ನು ಮರೆತ ಮೆದುಳು ಅದನ್ನು ಮರ್ಯಾದೆಗೆ ಕರೆದು ತರುತ್ತದೆಯೇ?

"ಸರ್, ಅವನು ಎಡಗೈಯನ್ನ ಮರೆತಿಲ್ಲ. ನಿಮಗೆ ಕೊಡೋಕೆ ಅದನ್ನ ಉಪಯೋಗಿಸ್ತಿಲ್ಲ" ಎಂದೆ.

"ಏನ್ರೀ ಮಿಸ್, ಪೇಷಂಟ್ ಕಡೆ ವಕೀಲರಾ ನೀವು?" ಕಾರಿನ ಮಾಲೀಕರ ನಗೆ. ಉಳಿದವರೂ ನಕ್ಕರು. ಮನೆಯಲ್ಲಿ ಎಡಗೈ ಚಾಚಿದರೆ ಅಮ್ಮನಿಂದ ಪೆಟ್ಟು ತಿಂದು ಬೆಳೆದವರೇ ಎಲ್ಲರೂ. ಆದರೆ ಆ ಕೋಣೆಯ ಹೊಸ್ತಿಲು ದಾಟಿ ಇಂಗ್ಲಿಷಿನಲ್ಲಿ ಕೂತ ಮೇಲೆ ಅಮ್ಮ ಚಪ್ಪಲಿಯ ಹತ್ತಿರ ಹೊರಗೇ ಉಳಿದಿದ್ದಳು.

ಶನಿವಾರವೂ ಕೈತಪ್ಪಿದರೆ ನನಗೆ ಏನು ಉಳಿಯುತ್ತದೆ ಎಂಬ ಯೋಚನೆ ಬಂದದ್ದು ನಿಜ. ಆದರೂ ಬಾಯಿಂದ ಬಂತು, ಅದೂ ಕನ್ನಡದಲ್ಲಿ: "ಸರ್, ನಿಮ್ಮ ತಾಯಿಯವರಿಗೆ ನೀವು ಎಡಗೈಲಿ ಕಾಫಿ ಕೊಡ್ತೀರಾ?"

ಡಾಕ್ಟರು ನಗಲಿಲ್ಲ. ತಮ್ಮ ಎರಡೂ ಕೈಗಳನ್ನು ಮೇಜಿನ ಮೇಲಿಟ್ಟು ನೋಡಿದರು. ಆಮೇಲೆ ಇಂಗ್ಲಿಷಿನಲ್ಲಿ, ಬಹಳ ಮೆಲ್ಲಗೆ, ಹೇಳಿದರು: ಎಡಗೈ ಯಾಕೆ ಬರಲಿಲ್ಲ ಎಂಬುದಕ್ಕೆ ಸಂಪ್ರದಾಯ ಉತ್ತರ, ಒಪ್ಪುತ್ತೇನೆ, ಆದರೆ ಎಡಗಡೆಯ ತುಂಡುಗಳನ್ನು ಕಣ್ಣು ಯಾಕೆ ಬಿಟ್ಟಿತು? ಇವನು ಎಡಗಡೆ ನೋಡುತ್ತಾನೆ ಎಂದು ನನಗೆ ತೋರಿಸಿ. ಕರುಣೆಯಿಂದ ಸಹಿ ಹಾಕಿದರೆ ಯಾರೋ ರೈಲಿಗೆ ಸಿಕ್ಕಿ ಸಾಯುತ್ತಾರೆ.

ಅವರು ಹೇಳಿದ್ದು ಸರಿ. ಅವನು ನಿಜಕ್ಕೂ ನೋಡದಿದ್ದರೆ?

ಅಲ್ಲೇ ಇದ್ದ ಸೀಮೆಸುಣ್ಣದ ಖಾಲಿ ಡಬ್ಬಿಯನ್ನು ಮೇಜಿನ ನಡುವೆ ಇಟ್ಟೆ. "ಯಾರಿಗೂ ಕೊಡೋದು ಬೇಡಪ್ಪಾ. ಎಡಗೈಲಿ ತಗೊಂಡು ಇದರೊಳಗೆ ಹಾಕು, ಅಷ್ಟೇ."

ಅವನ ಮುಖದಲ್ಲಿ ಎಂಥ ನಿರಾಳ! ಎಡಗೈ ಚಕಚಕ ಆಡಿತು. ಎಡತುದಿಯ ತುಂಡಿನಿಂದ ಶುರುಮಾಡಿ ಮೇಜನ್ನು ಖಾಲಿ ಮಾಡಿದ.

ಆಮೇಲೆ ವೆರಾಂಡಕ್ಕೆ ಕರೆದುಕೊಂಡು ಹೋದೆ. ಎಲ್ಲರೂ ಹಿಂದೆ ಬಂದರು. ಎದುರಿನ ಬಯಲಿನಲ್ಲಿ ಕಾಲೇಜಿನ ದನಗಳನ್ನು ಕಟ್ಟಿದ್ದರು. ಅವನನ್ನು ನಡುವೆ ನಿಲ್ಲಿಸಿ, ಮುಖ ನೇರ ಇಟ್ಟುಕೊಳ್ಳಲು ಹೇಳಿ, "ಏನೇನು ಕಾಣ್ತದೆ, ಹೇಳು" ಎಂದೆ. ಬಿಳಿ ಎತ್ತು ಎಂದ. ಅದರ ಪಕ್ಕ ಎಮ್ಮೆ ಎಂದ. ಬಲಗಡೆಯ ಸೀಮೆ ಹಸು ಎಂದ. ನಿಲ್ಲಿಸಿದ. ಎಡಗಡೆಯ ತುದಿಯಲ್ಲಿ, ನೀರಿನ ತೊಟ್ಟಿಯ ಆಚೆ ಒಂದು ಕರು ಮಲಗಿತ್ತು. ಅದನ್ನು ಅವನು ಹೇಳಲಿಲ್ಲ. ಹೆಂಡತಿ ಎದ್ದು ನಿಂತಿದ್ದಳು. ಕಾರಿನವರು ಗಂಟಲು ಸರಿಮಾಡಿಕೊಂಡರು. ನಾನು ಸುಮ್ಮನೆ ಕಾದೆ. ಸುಳಿವು ಕೊಡುವ ಹಾಗಿಲ್ಲ, ಅದು ನಮ್ಮ ಕೆಲಸದ ನೇಮ.

"ಆ ಕರೂಗೆ ಏನಾಗದೆ ತಾಯೀ?" ಎಂದ ಅವನು. "ಆವಾಗಿಂದ ನೋಡ್ತಾ ಇವ್ನಿ, ಕಿವೀನೇ ಆಡಿಸ್ತಿಲ್ವಲ್ಲ, ಅಂಗೇ ಬಿದ್ದದೆ."

ಡಾಕ್ಟರು ಅದಕ್ಕೇ ತೃಪ್ತಿಪಡಲಿಲ್ಲ. ಕೋಣೆಗೆ ಕರೆದು ಕತ್ತಲಾಗುವವರೆಗೂ ಬೇರೆ ಬೇರೆ ಟೆಸ್ಟ್ ಮಾಡಿಸಿದರು. ಅದು ಅವರ ದೊಡ್ಡತನ. ಕೊನೆಗೆ ರಿಪೋರ್ಟನ್ನು ನನ್ನ ಕೈಲೇ ಬರೆಸಿ ಕೆಳಗೆ ಸಹಿ ಹಾಕಿದರು. ಮುಂದೆ ನಮ್ಮ ಕ್ಲಾಸಿನಲ್ಲಿ ಯಾರೂ ರೋಗಿಯ ಮುಂದೆ ಕೈ ಚಾಚಲಿಲ್ಲ, ಡಬ್ಬಿ ಇಟ್ಟರು. ಆ ದಿನ ಗಂಡಸರೆಲ್ಲ "ವೆಲ್ ಡನ್ ಮಿಸ್" ಅಂದರು, ಮನಸ್ಸಿಂದಲೇ ಅಂದರು. ಅಂದು, ಕಾರು ಹತ್ತಿ ಹೋದರು. ನಾನು ಕೈ ಬೀಸಿದೆ. ಕೋಣೆಗೆ ಬಂದು ಸೀರೆ ಮಡಿಸಿಟ್ಟೆ. ಹೀಗಾಯಿತು ಕಣೇ ಅಂತ ಹೇಳಬೇಕು ಅನ್ನಿಸಿತು, ಯಾರಿಗಾದರೂ. ಒಡತಿಗೆ ಹೇಳಹೋದರೆ, "ಎಡಗೈಲಿ ಕೊಡು ಅಂದ್ರಾ? ಓದ್ದೋರು ಅಲ್ವಾ ಅವ್ರು?" ಎಂದು ಒಳಗೆ ಹೋದಳು.

ಅವರೆಕಾಯಿ ಕಾಲ ಜೋರಾಗಿದ್ದಾಗ ಒಂದು ಭಾನುವಾರ ಮಧ್ಯಾಹ್ನ ಗೇಟ್‌ಮನ್ನನ ಹೆಂಡತಿ ಬಾಗಿಲಿಗೆ ಬಂದಳು. ಮಂಕರಿಯ ತುಂಬ ಸೊಗಡಿನ ಅವರೆಕಾಯಿ.

"ಗೇಟಿಗೆ ಓಗ್ತಾ ಅವ್ರೆ ಕಣಕ್ಕಾ. ಮನೇನೂ ಉಳೀತು. ಇದ ನಿಮಗೇ ಅಂತ ಬಿಡಿಸ್ಕೊಂಡು ಬಂದೆ."

ಎರಡು ಕೈಗಳಲ್ಲಿ ಎತ್ತಿ ಚಾಚಿದಳು. ಒಂಟಿ ಕೋಣೆಯ ಅಭ್ಯಾಸ ನೋಡಿ, ನನ್ನ ಎಡಗೈ ತಾನಾಗಿಯೇ ಮುಂದೆ ಹೋಯಿತು. ಅವಳು ಕೊಡಲಿಲ್ಲ. ಹಿಂದಕ್ಕೂ ತೆಗೆದುಕೊಳ್ಳಲಿಲ್ಲ. ಮಂಕರಿ ಹಿಡಿದುಕೊಂಡೇ, ಪುಟ್ಟ ಮಗುವಿಗೆ ಬುದ್ಧಿ ಬರಲಿ ಎಂದು ಕಾಯುವವಳ ಹಾಗೆ, ನಗುತ್ತಾ ನಿಂತಳು. ನನ್ನ ಬಲಗೈ ಬಂತು. ಕೊಟ್ಟಳು.

"ಬಾ, ಕೂತ್ಕೋ, ಕಾಫಿ ಮಾಡ್ತೀನಿ" ಎಂದೆ. ನನ್ನ ದನಿ ಕೊಂಚ ಹೆಚ್ಚೇ ಆಸೆಯದಾಗಿತ್ತೋ ಏನೋ.

"ಇಲ್ಲ ಕಣಕ್ಕಾ, ಬಸ್ ತಪ್ಪೋಯ್ತದೆ. ಮಕ್ಳು ಕಾಯ್ತಾ ಇರ್ತವೆ. ನಿಮ್ಮೋರೆಲ್ಲ ಸೇರ್ಕೊಂಡು ಇತಕಿದ ಬೇಳೆ ಮಾಡ್ಕಳಿ" ಎಂದು ಹೊರಟೇಹೋದಳು.

ಸುಲಿದು, ನೆನೆಹಾಕಿ, ಬೆಳಿಗ್ಗೆ ಹಿತುಕಲು ಕೂತೆ. ಗೊತ್ತಲ್ಲ, ಅವರೆಬೇಳೆ ಹಿತುಕುವುದು ಒಬ್ಬರ ಕೆಲಸವಲ್ಲ. ಮನೆಮಂದಿಯೆಲ್ಲ ಪಾತ್ರೆಯ ಸುತ್ತ ಕೂತು, ಬೇಳೆಯನ್ನು ಒಬ್ಬರ ಮುಖಕ್ಕೆ ಒಬ್ಬರು ಚಿಮ್ಮಿಸುತ್ತಾ, ಊರ ಸುದ್ದಿ ಆಡುತ್ತಾ ಮಾಡುವ ಕೆಲಸ. ಬಲಗೈ ಬೆರಳು ಬೇಗ ಸೋತಿತು. ಆಮೇಲೆ ಎಡಗೈಯಲ್ಲಿ ಹಿತುಕಿದೆ. ಅದು ಸೋತಾಗ ಮತ್ತೆ ಬಲಗೈ. ಆ ಬೆಳಿಗ್ಗೆ ನಾವಿಬ್ಬರೇ ಇದ್ದೆವು, ನನ್ನ ಎರಡು ಕೈಗಳು. ಆಸ್ಪತ್ರೆಗೆ ನಾನು ಹತ್ತಬೇಕಾದ ಬಸ್ಸು ಬಂದು, ಹಾರ್ನ್ ಹೊಡೆದು ಹೋದರೂ ಪಾತ್ರೆ ಅರ್ಧವೂ ತುಂಬಿರಲಿಲ್ಲ.