ಬೀಗರ ಮನೆಗೆ ಕಟ್ಟಿದ ವಿಮಾನ

ಚಾಮರಾಜನಗರದ ನೀಲಕಂಠಸ್ವಾಮಿ ವಿಮಾನ ಕಟ್ಟುತ್ತಾನೆ ಎಂದರೆ ಹೊಸಬರು ನಗುತ್ತಾರೆ. ಇದು ಹಾರುವ ವಿಮಾನವಲ್ಲ. ಲಿಂಗಾಯತರ ಮನೆಯಲ್ಲಿ ಸಾವಾದರೆ ಹೆಣವನ್ನು ಮಲಗಿಸಿ ಒಯ್ಯುವುದಿಲ್ಲ. ವಿಭೂತಿ ಬಳಿದು, ಹಾರ ಹಾಕಿ, ಬಿದಿರಿನ ಮಂಟಪದೊಳಗೆ ಕೂರಿಸಿ ಮೆರವಣಿಗೆಯಲ್ಲಿ ಕಳಿಸಿಕೊಡುತ್ತಾರೆ. ಆ ಮಂಟಪವೇ ವಿಮಾನ. ಬಿದಿರು ಸೀಳಿ, ಬಾಳೆಕಂದು ನಿಲ್ಲಿಸಿ, ಚೆಂಡುಹೂ ಸುತ್ತಿ ಅದನ್ನು ಕಟ್ಟುವುದರಲ್ಲಿ ನೀಲಕಂಠನಿಗೆ ಸರಿಸಾಟಿಯಿರಲಿಲ್ಲ. "ಸತ್ರೆ ನೀಲಕಂಠಪ್ಪನ ವಿಮಾನದಲ್ಲೇ ಓಗ್ಬೇಕು ಕಣ್ಲಾ" ಎಂದು ಟೀ ಅಂಗಡಿಯಲ್ಲಿ ಕೂತವರು ಆಸೆಪಡುತ್ತಿದ್ದರು. ಅದೇ ಜನ ಮಕ್ಕಳ ಮದುವೆಗೆ ಹೂವು ಬೇಕಾದಾಗ ಅವನ ಹೂವಿನಂಗಡಿ ದಾಟಿ ಮುಂದಿನ ಅಂಗಡಿಗೆ ಹೋಗುತ್ತಿದ್ದರು.

ಹೂವಿನ ಮಾತು ಹಾಗಿರಲಿ, ಹೆಣ್ಣು ನೋಡಲು ಬಂದವರೂ ಹಾಗೆಯೇ ದಾಟಿ ಹೋದರು. ಮಗಳು ದಾನೇಶ್ವರಿ ಬಿ.ಎ. ಓದಿದವಳು, ಲಕ್ಷಣವಂತೆ. ಬಂದವರು ಉಪ್ಪಿಟ್ಟು ತಿಂದು, ಹಿತ್ತಿಲಿನಲ್ಲಿ ಒರಗಿಸಿದ್ದ ಬಿದಿರು ಕಂಡು, "ತಿಳಿಸ್ತೀವಿ" ಎಂದು ಎದ್ದು ಹೋಗುತ್ತಿದ್ದರು. ಅವಳಿಗೆ ಮೂವತ್ತು ಹತ್ತಿರವಾಗುತ್ತಿತ್ತು. ಈ ಹಿತ್ತಿಲಿನಿಂದ ಮಗಳನ್ನು ದಾಟಿಸಿದರೆ ಸಾಕು ಎನ್ನುವುದೊಂದೇ ನೀಲಕಂಠನಿಗಿದ್ದ ಹಂಬಲ.

ಕೊನೆಗೆ ಗುಂಡ್ಲುಪೇಟೆಯ ಅರಿಸಿನದ ವ್ಯಾಪಾರಿ ಮಲ್ಲಿಕಾರ್ಜುನಸ್ವಾಮಿ ಒಪ್ಪಿದರು. "ಸಾಯದ ಮನೆ ಯಾವುದೈತೆ ಬೀಗ್ರೆ? ನಿಮ್ದು ಶಿವನ ಕೆಲಸ" ಎಂದು ದೊಡ್ಡ ಮಾತಾಡಿದರು. ಅವರ ಮಗ ಗಿರೀಶ್ ಆಗಲೇ ನೀಲಕಂಠನನ್ನು ಮಾವ ಎಂದು ಕರೆಯುತ್ತಿದ್ದ. ನಿಶ್ಚಿತಾರ್ಥಕ್ಕೆ ದಿನ ಗೊತ್ತಾಯಿತು. ಗಂಗಾಂಬಿಕೆ, ನೀಲಕಂಠನ ಹೆಂಡತಿ, ವರ್ಷಗಳ ಮೇಲೆ ಮನಸ್ಸು ಬಿಚ್ಚಿ ನಕ್ಕಳು.

ಅಷ್ಟರಲ್ಲಿ ಬೀಗರಿಗೆ ಎದೆನೋವು ಬಂದು ಮೈಸೂರಿಗೆ ಒಯ್ದರಂತೆ ಎಂದು ಸಂತೆಯಲ್ಲಿ ಯಾರೋ ಹೇಳಿದರು. ಹೃದಯಕ್ಕೆ ಸ್ಟೆಂಟ್ ಹಾಕಿಸುವ ವಿಷಯವನ್ನು ಆ ಮನೆಯವರು ಹೆಣ್ಣಿನ ಕಡೆಗೆ ತಿಳಿಸಿರಲಿಲ್ಲ; ಶುಭಕಾರ್ಯದ ಮುಂದೆ ಆಸ್ಪತ್ರೆ ಸುದ್ದಿ ಯಾಕೆ ಎಂದು ಮುಚ್ಚಿಟ್ಟಿದ್ದರು. ಎರಡು ದಿನ ಬಿಟ್ಟು ಬೆಳಿಗ್ಗೆ ಗಿರೀಶನ ಫೋನ್ ಬಂತು. ನಿದ್ದೆಗೆಟ್ಟು ದನಿ ಒಡೆದಿತ್ತು.

"ಮಾವ, ಅಪ್ಪಾಜಿದು ಆಯ್ತು. ಸಂಜೆಗೆ ಮನೆಗೆ ಕರ್ಕಂಡು ಬತ್ತೀವಿ. ನೀವೂ ಬನ್ನಿ..."

ಅಷ್ಟಕ್ಕೇ ಲೈನು ಕಟ್ಟಾಯಿತು.

ನೀಲಕಂಠನಿಗೆ ಬರುವ ಫೋನುಗಳಲ್ಲಿ ಯಾರೂ 'ಸತ್ತರು' ಎನ್ನುವುದಿಲ್ಲ. 'ತಾತಂದು ಆಯ್ತು', 'ಅವ್ವಂದು ಆಯ್ತು' ಎನ್ನುತ್ತಾರೆ. ಆಯ್ತು ಎಂದವರನ್ನು ಎರಡನೇ ಮಾತು ಕೇಳಬಾರದು ಎಂದು ಅವನಪ್ಪ ಕಲಿಸಿಕೊಟ್ಟಿದ್ದ. ಸತ್ತವರ ಮನೆಯವರ ಬಾಯಲ್ಲಿ ಆ ಮಾತನ್ನು ಮತ್ತೊಮ್ಮೆ ಆಡಿಸುವುದು ಪಾಪವಂತೆ. ಇಷ್ಟು ವರ್ಷ ಆ ಪಾಠ ಅವನಿಗೆ ಅನ್ನ ಹಾಕಿತ್ತು.

"ಒಂದ್ಸಲ ತಿರುಗ್ಸಿ ಫೋನ್ ಮಾಡಿ ಅಪ್ಪಾಜಿ" ಎಂದಳು ದಾನೇಶ್ವರಿ.

"ಸುಮ್ನಿರು ಕಣಮ್ಮಿ. ಆ ಮಗಿನ ಸಂಕಟ ನಿಂಗೇನು ಗೊತ್ತು?" ಎಂದು ಗದರಿಸಿ ಮಚ್ಚು ಕೈಗೆತ್ತಿಕೊಂಡ.

ತನ್ನನ್ನು ಮನುಷ್ಯ ಎಂದು ಎಣಿಸಿದ ಬೀಗರು! ಅವರಿಗೆ ತಾನು ಕೊಡಬಹುದಾದದ್ದು ಇದೊಂದೇ ಎಂದು, ಯಾರೂ ಕೇಳದಿದ್ದರೂ, ಕಣ್ಣೊರೆಸಿಕೊಳ್ಳುತ್ತಾ ಕಟ್ಟಿದ. ಶಿಖರ, ಕಳಶ, ನಾಲ್ಕೂ ಕಡೆ ಕಮಾನು, ಬೆನ್ನಿಗೆ ಮೆತ್ತನೆಯ ಒರಗು. ಜೀವಮಾನದಲ್ಲಿ ಅಂಥದ್ದನ್ನು ಅವನು ಕಟ್ಟಿರಲಿಲ್ಲ. ಗೂಡ್ಸ್ ಆಟೋದಲ್ಲಿ ಏರಿಸಿ, ಬೀಳದಂತೆ ತಾನೇ ಹಿಂದೆ ನಿಂತು ಹಿಡಿದುಕೊಂಡು ಗುಂಡ್ಲುಪೇಟೆಗೆ ಹೊರಟ.

ಬೀಗರ ಮನೆಗೆ ಬೀಗ ಹಾಕಿತ್ತು. ಹೆಂಗಸರೂ ಮೈಸೂರಿಗೇ ಹೋಗಿದ್ದರು. ವಿಮಾನ ಕೆಳಗಿಳಿಯಿತೋ ಇಲ್ಲವೋ, ಬೀದಿಗೆ ಬೀದಿಯೇ ಬಂದು ನಿಂತಿತು. "ಅಯ್ಯೋ, ಯಜಮಾನ್ರು ಓಗ್ಬುಟ್ರಾ!" ಎಂದು ಎದುರುಮನೆಯಾಕೆ ಎದೆ ಬಡಿದುಕೊಂಡಳು. ಒಬ್ಬ ಕುರ್ಚಿ ತರಿಸಿದ, ಇನ್ನೊಬ್ಬ ನೆಂಟರಿಗೆಲ್ಲ ಮೆಸೇಜು ಹಾಕಿದ. ಹೇಗೆ ಗೊತ್ತಾಯಿತು ಎಂದು ಯಾರೂ ಯಾರನ್ನೂ ಕೇಳಲಿಲ್ಲ. ಬಾಗಿಲಲ್ಲಿ ವಿಮಾನ ನಿಂತಿದ್ದ ಮೇಲೆ ಕೇಳುವುದಾದರೂ ಏನನ್ನು?

ಹೊತ್ತು ಇಳಿಯುವಾಗ ಕಾರು ಬಂತು. ಮುಂದಿನ ಸೀಟಿನಿಂದ ಮಲ್ಲಿಕಾರ್ಜುನಸ್ವಾಮಿ ಬಾಗಿಲು ಹಿಡಿದುಕೊಂಡು ನಿಧಾನವಾಗಿ ಇಳಿದರು. ಅಳುತ್ತಿದ್ದವರ ಬಾಯಿ ತೆರೆದಂತೆಯೇ ನಿಂತಿತು. ಅವರು ಜನವನ್ನು ನೋಡಿದರು, ಕುರ್ಚಿಗಳನ್ನು ನೋಡಿದರು, ವಿಮಾನವನ್ನು ನೋಡಿದರು.

"ಯಾರ್ದು?" ಎಂದರು.

ಆಗ ಅವರ ಕಣ್ಣಿಗೆ ಕೈಯಲ್ಲಿ ಹೂಮಾಲೆ ಹಿಡಿದು ನಿಂತಿದ್ದ ನೀಲಕಂಠ ಬಿದ್ದ.

"ನಂದೇನಾ ಬೀಗ್ರೆ?"

ನೀಲಕಂಠ ಅಲ್ಲೇ ಅವರ ಕಾಲಿಗೆ ಬಿದ್ದ. "ಆಯ್ತು ಅಂದ್ರು ಬುದ್ಧಿ... ಆಯ್ತು ಅಂದ್ಬುಟ್ರು..." ಎನ್ನುವುದರ ಹೊರತು ಅವನ ಬಾಯಲ್ಲಿ ಬೇರೆ ಮಾತಿಲ್ಲ. "ಆಪರೇಷನ್ ಆಯ್ತು ಅಂದೆ ಮಾವ!" ಎಂದು ಗಿರೀಶ್ ತಲೆ ಹಿಡಿದುಕೊಂಡ. ಅವನ ತಾಯಿ ಮಣ್ಣು ತೂರಿ ಶಾಪ ಹಾಕಿದಳು. ಆಕೆಯನ್ನು ಬೈಯಲು ನನಗೆ ಮನಸ್ಸಿಲ್ಲ. ಗಂಡನನ್ನು ಉಳಿಸಿಕೊಂಡು ಬಂದವಳ ಬಾಗಿಲಲ್ಲಿ ಅಂಥದ್ದು ನಿಂತಿದ್ದರೆ ಯಾರು ತಾನೇ ಸುಮ್ಮನಿದ್ದಾರು?

ಮಲ್ಲಿಕಾರ್ಜುನಸ್ವಾಮಿಯೇ ಹೆಂಡತಿಯನ್ನು ತಡೆದರು. ಜಗುಲಿಯ ಮೇಲೆ ಕೂತು ಸುಧಾರಿಸಿಕೊಂಡು ನೀಲಕಂಠನನ್ನು ಹತ್ತಿರ ಕರೆದರು.

"ನಿಮ್ ತಪ್ಪು ಅಂತ ನಾನು ಅನ್ನಕಿಲ್ಲ. ಚೆನ್ನಾಗೇ ಕಟ್ಟಿದ್ದೀರಿ. ಆದ್ರೆ ನಿಮ್ ಮಗಳು ಈ ಮನೇಲಿ ನಂಗೆ ಊಟಕ್ಕಿಕ್ಕುವಾಗೆಲ್ಲ ಇದೇ ಕಣ್ಮುಂದೆ ಬತ್ತದೆ. ಬ್ಯಾಡ ಕಣಪ್ಪ. ಬುಟ್ಬುಡಿ."

ಬೀಗರು ಎನ್ನುತ್ತಿದ್ದವರು ಕಣಪ್ಪ ಎಂದರು. ಬೈದಿದ್ದರೆ ಮತ್ತೆ ಹೋಗಿ ಬೇಡಿಕೊಳ್ಳಬಹುದಿತ್ತು. ಇಷ್ಟು ಮೆತ್ತಗೆ ಬೇಡ ಎಂದವರನ್ನು ಬೇಡುವುದು ಹೇಗೆ?

ವಿಮಾನವನ್ನು ಮುಟ್ಟಲು ಬೀದಿಯಲ್ಲಿ ಒಬ್ಬನೂ ಬರಲಿಲ್ಲ. ಆಟೋದವನು ಗೊಣಗುತ್ತಲೇ ಒಂದು ಕೈ ಕೊಟ್ಟ. ಖಾಲಿ ವಿಮಾನವನ್ನು ಮನೆಗೆ ಒಯ್ಯುವಂತಿಲ್ಲ. ತೆರಕಣಾಂಬಿ ದಾಟಿದ ಮೇಲೆ ರಸ್ತೆ ಬದಿ ಇಳಿಸಿ, ಕಟ್ಟಿದ ಕೈಯಿಂದಲೇ ಒಂದೊಂದು ಗಂಟನ್ನೂ ಕೊಯ್ದು ಹಳ್ಳಕ್ಕೆ ಎಸೆದ. ಮನೆ ಸೇರಿದಾಗ ಗಂಗಾಂಬಿಕೆ ಮೂಲೆ ಹಿಡಿದಿದ್ದಳು. ಗಿರೀಶ್ ಫೋನ್ ಮಾಡಿ ಎಲ್ಲವನ್ನೂ ಹೇಳಿದ್ದ. ದಾನೇಶ್ವರಿ ಅಪ್ಪನಿಗೆ ತಟ್ಟೆ ಹಾಕಿ ಬಡಿಸಿದಳು.

ಊರಿಗೆ ನಗಲು ಒಂದು ನೆಪ ಬೇಕಿತ್ತು, ಸಿಕ್ಕಿತು. "ನೀಲಕಂಠಪ್ಪ ಮುಂಗಡವಾಗೇ ಕಟ್ತಾನೆ, ಉಷಾರು ಕಣ್ಲಾ" ಎಂದು ಟೀ ಅಂಗಡಿಯವರು ಹಲ್ಲು ಕಿಸಿದರು. ಕಾಯಿಲೆಯವರನ್ನು ನೋಡಲು ಅವನು ಯಾರ ಮನೆಗೂ ಹೋಗುವಂತಿರಲಿಲ್ಲ. ಅವನು ಬೀದಿಯ ತಿರುವಿನಲ್ಲಿ ಕಂಡರೆ ಕದ ಹಾಕಿಕೊಳ್ಳುತ್ತಿದ್ದರು. ಗಿರೀಶನಿಗೆ ನಂಜನಗೂಡಿನ ಕಡೆ ಹೆಣ್ಣು ಸಿಕ್ಕಿ ಮದುವೆಯೂ ಆಯಿತು. ದಾನೇಶ್ವರಿಯನ್ನು ನೋಡಲು ಆಮೇಲೆ ಯಾರೂ ಬರಲಿಲ್ಲ. ಸಾವುಗಳಂತೂ ನಿಲ್ಲಲಿಲ್ಲ, ಕೆಲಸ ಬರುತ್ತಲೇ ಇತ್ತು.

ಒಂದು ಮಧ್ಯಾಹ್ನ ಚಂದಕವಾಡಿಯ ಮುದುಕಿಯೊಬ್ಬಳಿಗೆ ಅವನು ಬಿದಿರು ಸೀಳುತ್ತಿದ್ದಾಗ ದಾನೇಶ್ವರಿ ಸೆರಗು ಸಿಕ್ಕಿಸಿಕೊಂಡು ಬಂದು ಎದುರಿಗೆ ಕೂತಳು. ಇನ್ನೊಂದು ಮಚ್ಚು ತೆಗೆದುಕೊಂಡು ಗಳುವೊಂದನ್ನು ಎಳೆದುಕೊಂಡಳು.

"ಬುಡಮ್ಮಿ, ಕೈಯೆಲ್ಲಾ ಒಡ್ದೋಯ್ತದೆ" ಎಂದ ನೀಲಕಂಠ.

"ನನ್ ಕೈಯ ಇನ್ಯಾರು ನೋಡ್ಬೇಕು ಅಪ್ಪಾಜಿ?" ಎಂದಳು. ಮಾತಿನಲ್ಲಿ ಸಿಟ್ಟಿರಲಿಲ್ಲ.

ನೀಲಕಂಠ ತನ್ನ ಕೈಯಲ್ಲಿದ್ದ ಗಳುವನ್ನು ಕೆಳಗಿಟ್ಟ. ಆಮೇಲೆ ಅವಳ ಪಕ್ಕಕ್ಕೆ ಸರಿದು ಕೂತು, ಮಚ್ಚನ್ನು ಬಿದಿರಿನ ಯಾವ ಗಿಣ್ಣಿಗೆ ಇಡಬೇಕು ಎಂದು ತೋರಿಸಿಕೊಟ್ಟ.