ಬೆಲೆ ಇಪ್ಪತ್ತು ಸಾವಿರದೊಳಗಂತೆ

ನಮ್ಮಕ್ಕನ ಫೋನಿಗೆ ಎರಡು ರಬ್ಬರ್ ಬ್ಯಾಂಡು ಹಾಕಿತ್ತು. ಒಳಗಿನ ಬ್ಯಾಟರಿ ಎಣ್ಣೆಗೆ ಬಿದ್ದ ಹಪ್ಪಳದ ಹಾಗೆ ಉಬ್ಬಿಕೊಂಡು ಬೆನ್ನಿನ ಮುಚ್ಚಳವನ್ನು ಮೇಲಕ್ಕೆ ತಳ್ಳುತ್ತಿತ್ತು. ಅದನ್ನು ಅದುಮಿ ಹಿಡಿಯಲೆಂದು ಅಕ್ಕ, ಕರಿಬೇವಿನ ಕಟ್ಟಿನ ಜೊತೆ ಬಂದಿದ್ದ ರಬ್ಬರ್ ಬ್ಯಾಂಡುಗಳನ್ನು ಅಡ್ಡ ಒಂದು, ಉದ್ದ ಒಂದು ಸುತ್ತಿದ್ದಳು. ಆ ಫೋನು ತನಗೆ ಮನಸ್ಸು ಬಂದಾಗ ಎಚ್ಚರವಿರುತ್ತಿತ್ತು, ಬೇಡವೆನಿಸಿದಾಗ ಕಣ್ಣು ಮುಚ್ಚುತ್ತಿತ್ತು. ಓದುಗ ಮಿತ್ರರೇ, ಇಂಥ ಫೋನನ್ನು ನಂಬಿಕೊಂಡು ವ್ಯಾಪಾರ ಮಾಡುವ ಹೆಂಗಸು ಐದು ತಿಂಗಳು ಹೊಸದನ್ನು ಕೊಳ್ಳದೆ ಏಕೆ ಕಾದಳು ಎಂದು ನೀವು ಕೇಳಿದರೆ ಉತ್ತರ ನನ್ನ ಬಳಿಯೇ ಇದೆ. ಆಕೆ ಕಾದದ್ದು ನಾನು ಬರೆದ ಒಂದು ವಾಕ್ಯವನ್ನು ನಂಬಿ.

ಅಕ್ಕನ ಹೆಸರು ವಿಮಲಾ. ಆರ್‌ಪಿಸಿ ಲೇಔಟಿನಲ್ಲಿ ಮನೆ. ಮದುವೆ, ಮುಂಜಿ, ಗೃಹಪ್ರವೇಶಗಳಿಗೆ ಚಕ್ಕುಲಿ, ಕೋಡುಬಳೆ, ನಿಪ್ಪಟ್ಟು ಮಾಡಿಕೊಡುವುದು ಅವಳ ಉದ್ಯೋಗ. ಅಂಗಡಿಯಿಲ್ಲ, ಬೋರ್ಡಿಲ್ಲ, ಒಬ್ಬರ ಮನೆಯಲ್ಲಿ ತಿಂದವರು ಇನ್ನೊಬ್ಬರಿಗೆ ಹೇಳಿ, ಅವರು ಫೋನು ಮಾಡಿ, ಹೀಗೆ ಬೆಳೆದದ್ದು. ಅವಳ ಗಂಡ, ಅಂದರೆ ನಮ್ಮ ಭಾವ, ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡಿ ನಿವೃತ್ತರಾದವರು. ಪ್ರಯೋಗ, ವೀಕ್ಷಣೆ, ನಿರ್ಣಯ ಎಂದು ಮೂರು ಕಲಂ ಎಳೆಸದೆ ಮಕ್ಕಳ ರೆಕಾರ್ಡ್ ಪುಸ್ತಕಕ್ಕೆ ಸಹಿ ಹಾಕದಿದ್ದ ಮೇಷ್ಟ್ರು. ಕಣ್ಣಾರೆ ಕಾಣದ್ದನ್ನು ನಂಬಬಾರದೆಂದು ಮೂವತ್ತು ವರ್ಷ ಬೋಧಿಸಿದ ಈ ಮಹನೀಯರು ನಿವೃತ್ತರಾದ ಮೇಲೆ, ಇನ್ನೂ ಹುಟ್ಟದ ಫೋನುಗಳ ಭಕ್ತರಾದರು. ಬರಲಿರುವ ಫೋನಿಗೆ ಎಷ್ಟು ಕಣ್ಣು, ಎಂಥ ಗಾಜು, ಎಷ್ಟು ಹೊತ್ತಿನ ಬ್ಯಾಟರಿ ಎಂಬುದೆಲ್ಲ ಅವರಿಗೆ ಬಾಯಿಪಾಠ. ಕೈಯಲ್ಲಿರುವ ಫೋನಿನಲ್ಲಿ ಅಕ್ಷರ ದೊಡ್ಡದು ಮಾಡುವುದು ಹೇಗೆಂಬುದು ಮಾತ್ರ ಇಂದಿಗೂ ಗೊತ್ತಿಲ್ಲ.

ಯುಗಾದಿಗೆ ಹೊಸ ಫೋನು ಕೊಳ್ಳುತ್ತೇನೆಂದು ಅಕ್ಕ ಹೊರಟಾಗ ತಡೆದವರು ಅವರೇ.

"ಈಗ ತಗೊಂಡ್ರೆ ಮೋಸ ಹೋಗ್ತೀಯ ವಿಮಲಾ. ಸ್ವಲ್ಪ ತಡ್ಕೋ. ಎರಡು ದಿನ ಚಾರ್ಜ್ ನಿಲ್ಲೋದು ಬರ್ತಿದೆಯಂತೆ. ಬೆಲೆ ಇಪ್ಪತ್ತು ಸಾವಿರದೊಳಗಂತೆ."

ಈಗ ನನ್ನ ಕಥೆಗೆ ಬರುತ್ತೇನೆ. ನಾನು ಕುರುಬರಹಳ್ಳಿಯ ನನ್ನ ಮನೆಯಲ್ಲೇ ಕುಳಿತು ಒಂದು ಸುದ್ದಿತಾಣಕ್ಕೆ ಬರೆಯುತ್ತೇನೆ. ಮೊದಲು ಪತ್ರಿಕೆಯೊಂದರಲ್ಲಿ ಉಪಸಂಪಾದಕಿಯಾಗಿದ್ದೆ. ಬೇರೆಯವರ ಕಾಗುಣಿತ ತಿದ್ದಿ ಕಣ್ಣು ಸವೆಸಿಕೊಂಡಿದ್ದೆ. ಆ ಪತ್ರಿಕೆ ಮುಚ್ಚಿದ ಮೇಲೆ ಈ ಕೆಲಸ ಸಿಕ್ಕಿತು. ದಿನಕ್ಕೆ ಆರು ಸುದ್ದಿ ಕೊಡಬೇಕು, ಆರರಲ್ಲಿ ನಾಲ್ಕು ಫೋನಿನದಾಗಿರಬೇಕು, ಕೆಳಗೆ ನನ್ನ ಹೆಸರಿರುವುದಿಲ್ಲ, 'ವೆಬ್ ಡೆಸ್ಕ್' ಎಂದಿರುತ್ತದೆ. ಹೊರಬಂದ ಫೋನಿನ ಬಗ್ಗೆ ಬರೆಯುವುದು ಕಷ್ಟ, ಏಕೆಂದರೆ ತಪ್ಪಿದರೆ ಯಾರಾದರೂ ಹಿಡಿದು ಕೇಳುತ್ತಾರೆ. ಬಾರದ ಫೋನಿನ ಬಗ್ಗೆ ಬರೆಯುವಷ್ಟು ಸುಖ ಬೇರೊಂದಿಲ್ಲ. ಅಲ್ಲಿ ಎಲ್ಲವೂ 'ಸಾಧ್ಯತೆ', ಎಲ್ಲವೂ 'ನಿರೀಕ್ಷೆ'. 'ಅಂದಾಜಿಸಲಾಗಿದೆ' ಎನ್ನುತ್ತೇವೆ, ಅಂದಾಜಿಸಿದ ಪುಣ್ಯಾತ್ಮ ಯಾರು ಎಂದು ಆ ಕ್ರಿಯಾಪದವನ್ನು ಯಾರೂ ಕೇಳುವುದಿಲ್ಲ. 'ಸೋರಿಕೆ' ಎಂಬ ಮಾತಂತೂ ನಮಗೆ ಪರಮಪ್ರಿಯ. ನಮ್ಮ ಬೀದಿಯಲ್ಲಿ ಕಾವೇರಿ ಪೈಪು ಸೋರಿದರೆ ತಿಂಗಳುಗಟ್ಟಲೆ ಯಾರೂ ತಿರುಗಿ ನೋಡುವುದಿಲ್ಲ, ಎಲ್ಲೋ ಒಂದು ಫೋನಿನ ಚಿತ್ರ ಸೋರಿತೆಂದರೆ ನಾಡಿಗೆ ನಾಡೇ ಬೊಗಸೆಯೊಡ್ಡಿ ನಿಲ್ಲುತ್ತದೆ.

ಯುಗಾದಿಯ ಹಿಂದಿನ ವಾರ ಅಂಥದೊಂದು ಫೋನಿನ ಬಗ್ಗೆ ಬರೆದಿದ್ದೆ. ಬೆಲೆ ಎಲ್ಲಿಯೂ ಸಿಕ್ಕಿರಲಿಲ್ಲವಾದ್ದರಿಂದ ಆ ಜಾಗ ಖಾಲಿ ಬಿಟ್ಟಿದ್ದೆ. ನಮ್ಮ ಸಂಪಾದಕರು ಫೋನು ಮಾಡಿದರು.

"ಮೇಡಂ, ಜನ ಓದೋದೇ ಬೆಲೆಗೆ. ಏನಾದ್ರೂ ಒಂದು ಹಾಕಿ."

"ಗೊತ್ತಿಲ್ವಲ್ಲ ಸಾರ್."

"ಗೊತ್ತಿದೆ ಅಂತ ಯಾರು ಬರೀರಿ ಅಂದ್ರು? ಇರಬಹುದು ಅಂತ ಬರೀರಿ."

ಸ್ಟವ್ ಮೇಲೆ ಕುಕ್ಕರು ಮೂರನೆಯ ಸೀಟಿ ಹಾಕುತ್ತಿತ್ತು. ಇಪ್ಪತ್ತು ಎಂಬುದು ನೋಡಲು ದುಂಡಾಗಿದೆ, ಮಧ್ಯಮ ವರ್ಗಕ್ಕೆ ಹಿತವಾಗಿದೆ ಎನ್ನಿಸಿತು. 'ಬೆಲೆ ಇಪ್ಪತ್ತು ಸಾವಿರದೊಳಗೆ ಇರಲಿದೆ ಎಂದು ಮೂಲಗಳು ತಿಳಿಸಿವೆ' ಎಂದು ಬರೆದು, ಎದ್ದು ಹೋಗಿ ಸ್ಟವ್ ಆರಿಸಿದೆ. ಮೂಲಗಳೆಂದರೆ ಇಷ್ಟೇ, ಮಿತ್ರರೇ: ನಾನು ಮತ್ತು ಕುಕ್ಕರು.

ನಾಲ್ಕೇ ದಿನದಲ್ಲಿ ಆ ಇಪ್ಪತ್ತು ಬೇರೆ ತಾಣಗಳಿಗೆ ಹೋಯಿತು, ವೀಡಿಯೊ ಮಾಡುವವರ ಬಾಯಿಗೆ ಬಿತ್ತು, ಕೊನೆಗೆ ಇಂಗ್ಲಿಷ್ ತಾಣವೊಂದರಲ್ಲಿ 'ಭಾರತದ ಮಾಧ್ಯಮ ವರದಿಗಳ ಪ್ರಕಾರ' ಎಂಬ ಗಂಭೀರ ವೇಷ ತೊಟ್ಟು ಕಾಣಿಸಿಕೊಂಡಿತು. ಅದನ್ನು ಆಧಾರವಾಗಿಟ್ಟುಕೊಂಡು ನಾನೇ ಇನ್ನೊಂದು ಸುದ್ದಿ ಬರೆದೆ: 'ಬೆಲೆ ಬಹುತೇಕ ಖಚಿತ'. ನಾನು ಹುಟ್ಟಿಸಿದ ಸುಳ್ಳು ಊರು ಸುತ್ತಿ ಬಂದು ನನ್ನ ಮುಂದೆಯೇ ಸಾಕ್ಷಿ ನುಡಿದಾಗ ನಾಚಿಕೆಯಾಗಬೇಕಿತ್ತು. ಆಗಲಿಲ್ಲ. ಆ ಸುದ್ದಿಯನ್ನು ಬಹಳ ಜನ ಓದಿದರೆಂದು ಸಂಪಾದಕರು ಹೊಗಳಿದರು, ನನಗೆ ಸಂತೋಷವೇ ಆಯಿತು.

ಪ್ರತಿ ಭಾನುವಾರ ನನಗೆ ಅಕ್ಕನ ಮನೆಯಲ್ಲಿ ಊಟ. ಭಾವ ಸಾರನ್ನಕ್ಕೆ ಕೈ ಹಾಕುವ ಮೊದಲು ಆ ವಾರದ ಫೋನು ಪುರಾಣ ಓದುತ್ತಿದ್ದರು. ಅದರಲ್ಲಿ ಅರ್ಧ ನಾನೇ ಬರೆದದ್ದು. "ನೋಡಮ್ಮ ಸುಮಾ, ಎಷ್ಟು ಚೆನ್ನಾಗಿ ವಿಷಯ ಸಂಗ್ರಹ ಮಾಡಿದಾರೆ" ಎಂದು ಅವರು ನನಗೇ ತೋರಿಸುತ್ತಿದ್ದರು. ಹೌದು ಭಾವ ಎನ್ನುತ್ತಿದ್ದೆ. ಸುದ್ದಿತಾಣದಲ್ಲಿ ಕೆಲಸವೆಂದು ಅವರಿಗೆ ಗೊತ್ತಿತ್ತು. ನಾನು ರಾಜಕೀಯ ಬರೆಯುತ್ತೇನೆಂದು ಅವರ ಊಹೆ, ಆ ಗೌರವವನ್ನು ಕಳೆದುಕೊಳ್ಳಲು ನನಗೆ ಮನಸ್ಸಿರಲಿಲ್ಲ. ಫೋನು ಮೇ ತಿಂಗಳಿಗೆ ಬರುವುದಿತ್ತು, ಜೂನಿಗೆ ಹೋಯಿತು, ಆಷಾಢ ಕಳೆಯಲಿ ಎಂದಾಯಿತು. ಅಕ್ಕ ಬಡಿಸುತ್ತ ಕೇಳಿಸಿಕೊಳ್ಳುತ್ತಿದ್ದಳು. "ಇನ್ನೇನು ಬಂದ್ಬಿಡತ್ತೆ ಅಂತಾರಲ್ಲ, ತಡೆಯೋಣ" ಎಂದು ರಬ್ಬರ್ ಬ್ಯಾಂಡು ಸರಿಮಾಡುತ್ತಿದ್ದಳು.

ಶ್ರಾವಣದಲ್ಲಿ ಬಸವೇಶ್ವರನಗರದ ಒಂದು ಮನೆಯ ಮದುವೆ ಬಂತು. ಆ ಮನೆಯ ಯಜಮಾನಿ ಎಂಟು ವರ್ಷದಿಂದ ಅಕ್ಕನ ಗಿರಾಕಿ, ಹಿರಿಯ ಮಗಳ ಮದುವೆಗೂ ಇವಳದೇ ಚಕ್ಕುಲಿ. ಭಾನುವಾರ ಮುಹೂರ್ತ, ಶನಿವಾರ ಎಲ್ಲವನ್ನೂ ತಲುಪಿಸುವುದೆಂದು ಮಾತಾಗಿತ್ತು. ಮಂಗಳವಾರ ಮಧ್ಯಾಹ್ನ ಅಕ್ಕನ ಫೋನು ಕಣ್ಣು ಮುಚ್ಚಿದ್ದು ಗುರುವಾರ ಸಂಜೆಯಾದರೂ ತೆರೆಯಲಿಲ್ಲ. ಅದೇ ವೇಳೆಯಲ್ಲಿ ಆ ಮನೆಯವರು ಚಪ್ಪರದ ಪೂಜೆಯನ್ನು ಮುಂಚಿತವಾಗಿ ಗುರುವಾರವೇ ಇಟ್ಟುಕೊಂಡು, ಅಷ್ಟರೊಳಗೆ ತಿಂಡಿಯಲ್ಲಿ ಒಂದು ಪಾಲು ಬೇಕೆಂದು ನಾಲ್ಕು ಸಲ ಫೋನು ಮಾಡಿದ್ದರು, ಮೆಸೇಜೂ ಹಾಕಿದ್ದರು.

ಗುರುವಾರ ಸಂಜೆ ನಾನು ಅಲ್ಲಿಗೆ ಹೋಗಿದ್ದೆ. ಅಕ್ಕ ಹಿಟ್ಟು ಜರಡಿ ಹಿಡಿಯುತ್ತಿದ್ದಳು. ಬಾಗಿಲಲ್ಲಿ ಆಟೋ ನಿಂತಿತು. ಇಳಿದು ಬಂದ ಆ ಯಜಮಾನಿ ಒಳಗೆ ಕೂರಲಿಲ್ಲ.

"ನಾಲ್ಕು ಸಲ ಮಾಡಿದೀನಿ ವಿಮಲಮ್ಮ. ಬಂದೋರ ಮುಂದೆ ಬರೀ ತಟ್ಟೆ ಇಡೋ ಹಾಗಾಯ್ತು. ಬೀಗರ ಕಡೆಯೋರು ಕೂತಿದ್ರು. ಕೊನೆಗೆ ಬೇಕರಿಯಿಂದ ತರ್ಸಿದ್ವಿ. ಮದುವೆಗೂ ಅಲ್ಲೇ ಹೇಳ್ಬಿಡ್ತೀವಿ, ನಿಮಗೆ ತೊಂದರೆ ಬೇಡ."

"ಮೇಡಂ, ಒಂದ್ನಿಮಿಷ..."

ಅವರು ನಿಲ್ಲಲಿಲ್ಲ. ಅಕ್ಕ ಹಿಟ್ಟಿನ ಕೈಯಲ್ಲೇ ಗೇಟಿನವರೆಗೆ ಹೋಗಿ ಬಂದಳು. ಗೇಟಿನ ಚಿಲಕದ ಮೇಲೆ ಬಿಳಿಯ ಬೆರಳಚ್ಚು ಉಳಿಯಿತು. ಒಳಗೆ ಬಂದವಳು ಮತ್ತೆ ಜರಡಿ ಹಿಡಿದು, ಸ್ವಲ್ಪ ಹೊತ್ತಿನ ನಂತರ ಅದನ್ನು ಯಾರಿಗಾಗಿ ಹಿಡಿಯುತ್ತಿದ್ದೇನೆಂದು ನೆನಪಾದವಳಂತೆ ಕೆಳಗಿಟ್ಟಳು.

ಆಗ ಭಾವ, ಸಮಾಧಾನ ಹೇಳುವ ಧಾಟಿಯಲ್ಲಿ, ತಮ್ಮ ಫೋನನ್ನು ಮುಂದಕ್ಕೆ ಚಾಚಿದರು. "ಇನ್ನು ಹದಿನೈದು ದಿನ ಅಷ್ಟೇ ಕಣೇ. ಇಲ್ಲೇ ಇದೆ ನೋಡು, ಇಪ್ಪತ್ತರೊಳಗೆ ಅಂತ ಖಚಿತ ಮಾಡಿದಾರೆ."

"ಅದನ್ನ ಬರೆದಿದ್ದು ನಾನು, ಭಾವ" ಎಂದೆ.

"ಯಾವುದನ್ನ?"

"ಇಪ್ಪತ್ತು ಸಾವಿರ. ನಾನೇ ಹಾಕಿದ್ದು. ಯಾರೂ ಹೇಳಿರ್ಲಿಲ್ಲ. ಸುಮ್ನೆ ಹಾಕ್ದೆ."

ಭಾವ ಕನ್ನಡಕ ಸರಿಮಾಡಿಕೊಂಡು ಪರದೆಯ ಕೆಳತುದಿಯನ್ನು ನೋಡಿದರು. "ಇಲ್ಲ ಸುಮಾ, ಇದು ವೆಬ್ ಡೆಸ್ಕ್ ಬರೆದಿರೋದು."

ವಿಜ್ಞಾನದ ಮೇಷ್ಟ್ರ ಮುಂದೆ ಅಪರಾಧಿಯೇ ನಿಂತು ತಪ್ಪೊಪ್ಪಿಕೊಂಡರೂ ಪುರಾವೆ ಸಾಲಲಿಲ್ಲ. ಅಕ್ಕನಿಗೆ ಅಷ್ಟೇ ಪುರಾವೆ ಸಾಕಾಯಿತು.

"ಯಾವಾಗ ಬರೆದಿದ್ದು?" ಎಂದು ಕೇಳಿದಳು.

"ಯುಗಾದಿ ಹಿಂದಿನ ವಾರ."

ಅವಳು ಮನಸ್ಸಿನಲ್ಲೇ ಏನನ್ನೋ ಜೋಡಿಸಿಕೊಂಡಳು. "ಅಂದ್ರೆ ಆವತ್ತಿಂದ ಪ್ರತಿ ಭಾನುವಾರ ಇಲ್ಲೇ ಕೂತು ಊಟ ಮಾಡ್ತಿದ್ದೆ ನೀನು."



ಆ ಫೋನು ಕೊನೆಗೂ ಬಂತು. ಅದರ ಮಾತನ್ನು ಇಲ್ಲೇ ನಡುವೆ ಮುಗಿಸಿಬಿಡುತ್ತೇನೆ. ಕಥೆಯ ಕೊನೆಯಲ್ಲಿ ಕೂರಿಸುವಷ್ಟು ಮರ್ಯಾದೆ ಅದಕ್ಕೆ ಸಲ್ಲದು. ಬೆಲೆ ನಾನು ಹಾಕಿದ್ದರ ಹತ್ತಿರ ಹತ್ತಿರ ಎರಡರಷ್ಟು. ಎರಡು ದಿನದ ಬ್ಯಾಟರಿ ಸಂಜೆಯ ಹೊತ್ತಿಗೆ ಚಾರ್ಜರು ಹುಡುಕುತ್ತದೆಂದು ಕೊಂಡವರ ಅಂಬೋಣ. ನಮ್ಮ ತಾಣ ತಪ್ಪಾಯಿತೆಂದು ಒಂದು ಸಾಲನ್ನೂ ಬರೆಯಲಿಲ್ಲ, 'ಅಚ್ಚರಿ ಮೂಡಿಸಿದ ಬೆಲೆ' ಎಂದು ಇನ್ನೊಂದು ಸುದ್ದಿ ಮಾಡಿತು. ಫೋನಿನ ವಿಭಾಗ ನನಗೆ ಬೇಡವೆಂದು ಸಂಪಾದಕರಿಗೆ ಹೇಳಿದೆ. ಅವರು ಬೇಸರಿಸದೆ ದಿನಭವಿಷ್ಯ ಕೊಟ್ಟರು. ಅನುಭವ ಇದೆಯಲ್ಲ ಮೇಡಂ ಎಂದರು. ಎರಡು ದಿನ ಯೋಚಿಸಿ ಅದನ್ನೂ ಬಿಟ್ಟು, ಈಗ ಅಲ್ಲಿ ಬೇರೆಯವರ ಕಾಗುಣಿತವನ್ನಷ್ಟೇ ತಿದ್ದುತ್ತೇನೆ. ಭಾವ ಮುಂದಿನ ವರ್ಷದ ಮಾದರಿಗೆ ಕಾಯುತ್ತಿದ್ದಾರೆ.

ಆ ಗುರುವಾರದ ಮರುದಿನಕ್ಕೆ ಮರಳುತ್ತೇನೆ. ಶುಕ್ರವಾರ ಬೆಳಗ್ಗೆ ಅಕ್ಕ ಒಬ್ಬಳೇ ಫೋನು ಕೊಳ್ಳಲು ವಿಜಯನಗರದ ಕಡೆ ಹೊರಟಳು. ಅವಳು ಕರೆಯದಿದ್ದರೂ, ರಾತ್ರಿ ಅಲ್ಲೇ ಉಳಿದಿದ್ದ ನಾನು ಹಿಂದೆ ಹೋದೆ. ಅಂಗಡಿಯ ಯಜಮಾನ ಒಳ್ಳೆಯ ಮನಸ್ಸಿನಿಂದಲೇ ಹೇಳಿದ. "ಆಂಟಿ, ಎರಡು ವಾರ ವೇಯ್ಟ್ ಮಾಡಿ. ಒಳ್ಳೆ ಪೀಸ್ ಬರ್ತಿದೆ, ಇಪ್ಪತ್ತರೊಳಗಂತೆ."

ಅಕ್ಕ ನನ್ನ ಕಡೆ ನೋಡಲೂ ಇಲ್ಲ. "ಬರೋ ಫೋನಲ್ಲಿ ಇವತ್ತು ಮಾತಾಡಕ್ಕಾಗತ್ತೇನಪ್ಪ? ಇಲ್ಲಿರೋದ್ರಲ್ಲಿ ಒಂದು ಕೊಡು. ಕೂಗಿದ್ರೆ ಕೇಳಿಸ್ಬೇಕು, ಅಷ್ಟೇ."

ಸಿಮ್ಮು ಹಾಕಿಸಿಕೊಂಡು ಅಲ್ಲೇ ಸ್ಟೂಲಿನ ಮೇಲೆ ಕುಳಿತು, ಬಾಯಿಪಾಠವಾಗಿದ್ದ ಒಂದು ನಂಬರನ್ನು ಒತ್ತಿದಳು.

"ಮೇಡಂ, ನಾನು ವಿಮಲಾ. ಇಡಬೇಡಿ. ತಪ್ಪು ನಂದು. ಫೋನ್ ಕೆಟ್ಟಿದ್ದು ನಂಗೆ ಗೊತ್ತಿತ್ತು, ಬದಲಾಯಿಸ್ಲಿಲ್ಲ. ನಾಳೆ ನಾನೇ ತಂದ್ಕೊಡ್ತೀನಿ, ನೀವು ಬೇಡ ಅಂದ್ರೆ ವಾಪಸ್ ತರ್ತೀನಿ."

ಗಂಡನ ಹೆಸರು ಬರಲಿಲ್ಲ. ನನ್ನ ಹೆಸರೂ ಬರಲಿಲ್ಲ. ಬಹಳ ಹೊತ್ತು ಆ ಕಡೆಯ ಮಾತು ಕೇಳಿಸಿಕೊಂಡು, ಹ್ಞೂಂ, ಹ್ಞೂಂ ಎಂದು ಇಟ್ಟಳು. "ಅರ್ಧ ಸಾಕಂತೆ" ಎಂದಳು, ಅಂಗಡಿಯವನಿಗೋ ನನಗೋ ತಿಳಿಯದ ಹಾಗೆ.

ಆ ದಿನ ನಾನು ರಜೆ ಹೇಳಿ ಅವಳ ಅಡುಗೆಮನೆಯಲ್ಲಿ ಚಕ್ಕುಲಿ ಒತ್ತಿದೆ. ಒರಳು ತಿರುಗಿಸಿ ತಿರುಗಿಸಿ ಅಂಗೈ ಕೆಂಪಾಯಿತು. ಅಕ್ಕ ಎಣ್ಣೆಯ ಬಾಣಲೆಯ ಮುಂದೆ ನಿಂತು ಕರಿಯುತ್ತಿದ್ದಳು. ಸಂಜೆಯ ಹೊತ್ತಿಗೆ ಹೊಸದಾಗಿ ಕಲಸಿದ ಹಿಟ್ಟಿನ ಮೊದಲ ಚಕ್ಕುಲಿಯನ್ನು ಮುರಿದು, ಅರ್ಧ ನನ್ನ ಕೈಗಿಟ್ಟಳು.

"ಉಪ್ಪು ನೋಡು."

"ಸರಿಯಾಗಿದೆ" ಎಂದೆ.

ಅವಳು ನನ್ನ ಕೈಯನ್ನೇ ನೋಡಿದಳು. ಚಕ್ಕುಲಿ ಇನ್ನೂ ಅಲ್ಲೇ ಇತ್ತು.

"ಬಾಯಿಗೆ ಹಾಕ್ಕೊಂಡು ಹೇಳೇ."

ಹಾಕಿಕೊಂಡೆ. ಉಪ್ಪು ಒಂದಿಷ್ಟು ಕಮ್ಮಿಯಿತ್ತು. ಹೇಳಿದೆ.